ವಾಚಿನೊಳಗೆ ಗುಡ್ಡ ತುಂಬುವ ಕೆಲಸ

ಗುಡ್ಡದ ದಾರಿಯನ್ನು ಕೈಗಡಿಯಾರಕ್ಕೆ ತುಂಬಿಸಿಕೊಡುವವಳ ಹತ್ತಿರ ನಗೆಪಾಟಲು ತಾನಾಗಿಯೇ ನಡೆದುಕೊಂಡು ಬರುತ್ತದೆ. ಅದಕ್ಕೆ ಮಾತ್ರ ಯಾರೂ ನಕ್ಷೆ ಹಾಕಿಕೊಡಬೇಕಾಗಿಲ್ಲ.

ನಾನು ಕೆಲಸ ಮಾಡುವುದು ಕೂಡ್ಲಿಗಿಯ ಒಂದು ಸೈಕಲ್ ಅಂಗಡಿಯಲ್ಲಿ. ಅಂಗಡಿಯ ಚಾಚಾ ಪಂಕ್ಚರ್ ಹಾಕುವುದರ ಜೊತೆಗೆ, ಭಾನುವಾರ ಗುಡ್ಡ ಹತ್ತಲು ಬರುವವರಿಗೆ ಟೆಂಟು, ಬ್ಯಾಗು, ಕೋಲು ಬಾಡಿಗೆಗೆ ಕೊಡುತ್ತಾರೆ. ಆಮೇಲೆ ಯಾರೋ ಹೇಳಿದರೆಂದು ಜಿಪಿಎಸ್ ವಾಚುಗಳನ್ನೂ ತಂದರು. ಕೈಗೆ ಕಟ್ಟಿಕೊಂಡರೆ ನಾವು ಎಲ್ಲಿದ್ದೇವೆ ಎಂದು ಅದು ತೋರಿಸುತ್ತದೆ. ತೊಂದರೆ ಏನೆಂದರೆ, ವಾಚಿನ ಜೊತೆ ಬಂದಿದ್ದ ನಕ್ಷೆಯಲ್ಲಿ ನಮ್ಮ ಸೀಮೆಗೆ ಒಂದು ಹೈವೇ ಬಿಟ್ಟರೆ ಏನೂ ಇರಲಿಲ್ಲ. ಉಳಿದದ್ದೆಲ್ಲ ಬಿಳಿ. ಇಷ್ಟು ಗುಡ್ಡ, ಇಷ್ಟು ಕಲ್ಲು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ.

ಆ ಬಿಳಿಯನ್ನು ತುಂಬುವುದು ನನ್ನ ಕೆಲಸ. ವಾಚು ಕಟ್ಟಿಕೊಂಡು ಕಾಲುದಾರಿಯಲ್ಲಿ ನಡೆದರೆ, ನಡೆದದ್ದೆಲ್ಲ ಗೆರೆಯಾಗಿ ಅದರಲ್ಲಿ ಉಳಿಯುತ್ತದೆ. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ಆ ಗೆರೆ ತಿದ್ದಿ, ನೀರೆಲ್ಲಿ, ನೆರಳೆಲ್ಲಿ, ದಾರಿ ಎಲ್ಲಿ ಒಡೆಯುತ್ತದೆ ಎಂದು ಗುರುತು ಹಾಕಿ, ವೈರು ಚುಚ್ಚಿ ಒಂದೊಂದೇ ವಾಚಿಗೆ ಇಳಿಸುತ್ತೇನೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ಎಂದು ಊರಲ್ಲಿ ನನಗೊಂದು ಹೆಸರಿದೆ. ಹಾಗೆಂದು ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ. ಕನ್ನಡದಲ್ಲೂ ಮಾತಾಡುವುದಿಲ್ಲ. ಮೊದಲು ಒಂದು ಖಾಸಗಿ ಶಾಲೆಯ ಸಂದರ್ಶನಕ್ಕೆ ಹೋಗಿದ್ದೆ. ಟೀಚರ್ ದನಿ ಕೊನೇ ಬೆಂಚಿಗೆ ಕೇಳಬೇಕು ಎಂದರು. ನನ್ನದು ಎದುರಿಗೆ ಕೂತ ಅವರಿಗೇ ಕೇಳಿಸಲಿಲ್ಲ. ಹಾಗಾಗಿ ಬಾಯಿ ತೆರೆಯದೆ ಮಾಡಬಹುದಾದ ಈ ಕೆಲಸ ಕೈತಪ್ಪಬಾರದು ಎನ್ನುವುದೊಂದೇ ನನ್ನ ಚಿಂತೆ. ಚಾಚಾ ಮೊದಲೇ ಹೇಳಿಬಿಟ್ಟಿದ್ದರು:

"ನೋಡು ಬೇಟಿ, ಜನ ವಾಚು ನೋಡ್ಕಂತ ಹೋಗಬೇಕು, ವಾಚು ನೋಡ್ಕಂತ ಬರಬೇಕು. ನಡುವ ಯಾರಾರ ನಿಂತು ಮಾತಾಡಿ ದಾರಿ ಹೇಳೋದಿತ್ತಂದ್ರ ನನಗ ನಕ್ಷಿ ಯಾಕ? ಕೊಟ್ಟೂರಾಗ ನಮ್ಮ ತಂಗಿ ಮಗ ಖಾಲಿ ಅದಾನ. ಮಾತಿಗೆ ಅವನನ್ನ ಕರಸ್ತೀನಿ."

ಆ ತಂಗಿ ಮಗನನ್ನು ನಾನು ನೋಡಿದ್ದೆ. ಬಸ್ಸಿಗೆ ಕಾಯುವವರಿಗೆ ಬಸ್ಸು ಮರೆಸುವಷ್ಟು ಮಾತಾಡುತ್ತಾನೆ.

೧. ಫ್ಯಾನಿನವರು

ಹೊಸಹಳ್ಳಿ ಕಡೆಯ ಒಂದು ಗುಡ್ಡದ ದಾರಿ ತೆಗೆಯಲು ಹೋಗಿದ್ದೆ. ಸ್ವಲ್ಪ ನಡೆಯುವುದು, ನಿಲ್ಲುವುದು, ಕೈ ನೋಡಿಕೊಳ್ಳುವುದು, ಮತ್ತೆ ನಡೆಯುವುದು. ಶೇಂಗಾ ಹೊಲದಲ್ಲಿದ್ದ ಒಬ್ಬರು ಕೈ ಒರೆಸಿಕೊಳ್ಳುತ್ತ ಎದ್ದು ಬಂದರು.

"ಫ್ಯಾನಿನ ಕಂಪನಿಯರೇನವ್ವ?"

ಗಾಳಿಯಿಂದ ಕರೆಂಟು ತೆಗೆಯಲು ಗುಡ್ಡದ ಮೇಲೆ ನಿಲ್ಲಿಸುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಫ್ಯಾನು ಅನ್ನುತ್ತಾರೆ. ನಿಲ್ಲಿಸುವ ಮೊದಲು ಯಾರೋ ಹೀಗೇ ಯಂತ್ರ ಹಿಡಿದು ಓಡಾಡಿ ಹೋಗುವುದು ವಾಡಿಕೆ.

"ಅಲ್ರಿ, ಸುಮ್ನೆ ನಡೀತಿದ್ದೀನಿ" ಎಂದೆ.

"ಸುಮ್ನ? ಈ ಬಿಸಲಾಗ, ಈ ಕಲ್ಲಾಗ?" ಅವರು ನನ್ನನ್ನು ಕನಿಕರದಿಂದ ನೋಡಿದರು. "ಬಿಡು, ಯಾರಿಗೂ ಹೇಳಬ್ಯಾಡ ಅಂದಿರ್ತಾರ, ಪಾಪ."

ಆಮೇಲೆ ಪಕ್ಕದ ಹೊಲದಿಂದ ಅವರ ತಮ್ಮ ಬಂದ. ಬಂದವನೇ, "ಅಣ್ಣನ ಹೊಲದಾಗ ಹಾಕಬ್ಯಾಡ್ರಿ, ಅಲ್ಲಿ ಗಾಳಿನ ಆಡಂಗಿಲ್ಲ" ಎಂದ.

"ಲೇ, ನಿನ್ನ ಹೊಲದಾಗ ಯಾವ ಗಾಳಿ ಐತಲೇ? ಹೋದ ಸಲ ಜ್ವಾಳ ತೂರಾಕ ನನ್ನ ಕಣಕ್ಕ ಬಂದಿದ್ದಿ!"

"ನಿನ್ನ ಕಣದಾಗ ತೂರಿದ್ದಕ್ಕ ಹೊಟ್ಟು ಎಲ್ಲ ನನ್ನ ಮಕಕ್ಕ ಬಂತು!"

ಯಾರ ಹೊಲದಲ್ಲಿ ಹೆಚ್ಚು ಗಾಳಿ ಎಂದು ಅಣ್ಣತಮ್ಮಂದಿರು ಜಗಳಕ್ಕೆ ನಿಂತಾಗ, ಬದುವಿನ ಮೇಲೆ ಕೂತಿದ್ದ ಅವರ ತಾಯಿ ನನ್ನನ್ನು ಕೈಸನ್ನೆ ಮಾಡಿ ಹತ್ತಿರ ಕರೆದರು. ಕಿವಿಯಲ್ಲಿ ಹೇಳಿದರು:

"ಎವ್ವಾ, ಇವರ ಮಾತು ಬಿಡು. ಎಲ್ಲೆರ ನಿಲ್ಸ್ರಿ, ನಮ್ಮನಿ ಕಡಿ ಮಕ ಮಾಡಿ ನಿಲ್ಸ್ರಿ. ಬ್ಯಾಸಗ್ಯಾಗ ಶೆಕಿ ತಡ್ಯಾಕಾಗವಲ್ದು."

೨. ಆರು ಡಬ್ಬಿ

ನನ್ನ ಮೊದಲ ನಕ್ಷೆಯಲ್ಲಿ ಜಾಗದ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಹಾಕಿದೆ. ನೀರಿನ ದೊಣೆ, ಆಲದ ಮರ, ಕುರಿ ಹಟ್ಟಿ. ಕಂಪ್ಯೂಟರಿನಲ್ಲಿ ಚೆಂದ ಕಾಣಿಸಿತು. ವಾಚಿಗೆ ಇಳಿಸಿ, ಬಳ್ಳಾರಿಯಿಂದ ಬಂದ ಒಂದು ಗುಂಪಿನ ಕೈಗೆ ಕಟ್ಟಿ ಕಳಿಸಿದೆ.

ಆ ವಾಚುಗಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಬಾರದ ಅಕ್ಷರದ ಜಾಗದಲ್ಲಿ ಒಂದೊಂದು ಖಾಲಿ ಚೌಕ ತೋರಿಸುತ್ತವೆ. ಇದು ನನಗೆ ಗೊತ್ತಾದದ್ದು ಮಧ್ಯಾಹ್ನ, ಅಂಗಡಿಯ ಫೋನು ಬಂದಾಗ. ಚಾಚಾ ಸ್ಪೀಕರಿಗೆ ಹಾಕಿದರು.

"ಮೇಡಮ್ಮಾರ, ನಾಕು ಡಬ್ಬಿ ದಾಟಿ ಆರು ಡಬ್ಬಿಗೆ ಬಂದೀವಿ. ಆಚಿ ಕಡಿ ಮತ್ತ ಐದು ಡಬ್ಬಿ ಕಾಣ್ತಾವ. ಬಾಯಿ ಒಣಗಿ ಹೊಂಟೈತಿ. ನೀರು ಯಾವ ಡಬ್ಯಾಗ ಐತ್ರಿ?"

ಚಾಚಾ ಫೋನು ನನ್ನ ಕಡೆ ಚಾಚಿದರು. ನಾನು ಪೆನ್ನು ಹುಡುಕಿದೆ. ಕೊನೆಗೆ ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಅವರೇ ಓದಿ ಹೇಳಿದರು. ಫೋನಿಟ್ಟು, ಸೈಕಲ್ ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತ, ಟ್ಯೂಬಿಗೇ ಹೇಳುವವರಂತೆ ಹೇಳಿದರು:

"ನಮ್ಮ ತಂಗಿ ಮಗನ ಬಾಯಾಗ ಡಬ್ಬಿ ಬರಂಗಿಲ್ಲ."

೩. ಗೆರೆ ಮೇಲಿನ ಬಾಣಲೆ

ಗುಡ್ಡದ ಬುಡದಲ್ಲಿ ಒಬ್ಬರು ತಳ್ಳುಗಾಡಿಯಲ್ಲಿ ಮಂಡಕ್ಕಿ-ಮಿರ್ಚಿ ಮಾರುತ್ತಾರೆ. ಜನ ವಾಚು ನೋಡಿಕೊಂಡೇ ನಡೆಯುತ್ತಾರೆ, ತಲೆ ಎತ್ತಿ ತಮ್ಮ ಗಾಡಿ ನೋಡುವುದಿಲ್ಲ ಎನ್ನುವುದು ಅವರ ದೂರು. ಅಂಗಡಿಗೇ ಬಂದರು.

"ಗೆರಿ ಒಂದೀಟು ನನ್ನ ಕಡಿ ಬಗ್ಗಿಸವ್ವ."

ದಾರಿ ಇರುವಲ್ಲೇ ಗೆರೆ ಇರಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದೆ.

"ಕಂಪ್ಯೂಟರಿನಾಗ ಬಗ್ಗಿಸಾಕ ನಿನ್ನ ಗಂಟೇನು ಹೋಗತೈತಿ? ರೋಡನ್ನ ಬಗ್ಗಸ್ತಾರ ದೊಡ್ಡ ದೊಡ್ಡ ಮಂದಿ!"

ನಾನು ಕಂಪ್ಯೂಟರಿನ ಕಡೆ ತಿರುಗಿಕೊಂಡೆ. ಅದನ್ನು ಅವರು ಸೊಕ್ಕು ಎಂದುಕೊಂಡರು. ಎದ್ದು ಹೋದರು.

ಮುಂದಿನ ಭಾನುವಾರ ಗುಂಪಿನವರೊಬ್ಬರು ಫೋನು ಮಾಡಿದರು: "ವಾಚು ಸೀದಾ ಹೋಗ್ರಿ ಅಂತೈತಿ. ಸೀದಾ ಹೋದ್ರ ಕಾದ ಎಣ್ಣ್ಯಾಗ ಬೀಳ್ತೀವಿ."

ಚಾಚಾ ಮೊಪೆಡ್ ತಗೊಂಡು ಹೋಗಿ ನೋಡಿದರೆ, ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಕಾಲುದಾರಿಗೆ ಸರಿಯಾಗಿ ಗಾಡಿ ನಿಂತಿತ್ತು. ಒಬ್ಬರೂ ಮಿರ್ಚಿ ತಿನ್ನದೆ ಆಚೆ ದಾಟುವಂತಿರಲಿಲ್ಲ. ಗಾಡಿಯವರು ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದುತ್ತ ಶಾಂತವಾಗಿ ಹೇಳಿದರಂತೆ:

"ಗೆರಿ ಬರಾಕ ಒಲ್ಲೆ ಅಂತು. ಅದಕ್ಕ ಗಾಡಿ ತಂದೆ."

೪. ಸೀದಾ ಮನೆಗೆ

ಹರಪನಹಳ್ಳಿಯಿಂದ ಒಂದು ದಂಪತಿ ಬಂದಿದ್ದರು. ಗೆರೆ ಬಿಟ್ಟು ಆಚೀಚೆ ಹೋದರೆ ವಾಚು ಕೀ ಎಂದು ಕೂಗುತ್ತದೆ. ಕೂಗಿದಾಗೆಲ್ಲ ಗಂಡ ಗಕ್ಕನೆ ನಿಂತು ತಿರುಗುತ್ತಿದ್ದರು. ಅದನ್ನು ನೋಡಿ ಹೆಂಡತಿಗೆ ಏನೋ ಹೊಳೆದಿದೆ. ಮುಂದಿನ ವಾರ ಹೊಸ ವಾಚೊಂದನ್ನು ಕೊಂಡು, ಒಬ್ಬರೇ ಅಂಗಡಿಗೆ ಬಂದರು.

"ನಮ್ಮನೆಯವರಿಗೆ ಇದ್ರಾಗೆ ಒಂದು ನಕ್ಷೆ ಹಾಕಿಕೊಡಮ್ಮ. ದೊಡ್ಡದೇನಲ್ಲ. ಆಫೀಸಿಂದ ಮನೆ. ನಾನು ಕೂಗಿದ್ರೆ ಕೇಳಲ್ಲ, ಇದು ಕೂಗಿದ್ರೆ ಕೇಳ್ತಾರೆ."

ಹಾಕಿಕೊಟ್ಟೆ. ಎರಡು ದಿನ ಬಿಟ್ಟು ಗಂಡ ಬಂದರು. ಅವರೂ ಒಬ್ಬರೇ. ಅಂಗಡಿಯ ಹೊರಗೊಮ್ಮೆ ನೋಡಿ ದನಿ ತಗ್ಗಿಸಿದರು.

"ದಾರ್‍ಯಾಗೆ ನಮ್ಮ ಇಸ್ಪೀಟಿನ ಕ್ಲಬ್ ಐತಮ್ಮ. ಅದನ್ನೂ ಸೇರಿಸಿಬಿಡು. ಆಕಿಗೆ ಗೊತ್ತಾಗಬಾರ್ದು."

ಇಬ್ಬರಿಗೂ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಅದನ್ನೂ ಹಾಕಿಕೊಟ್ಟೆ. ಗೆರೆ ಈಗ ಆಫೀಸಿನಿಂದ ಕ್ಲಬ್ಬಿಗೆ ಹೋಗಿ, ಅಲ್ಲಿಂದ ಮನೆ ಮುಟ್ಟುತ್ತದೆ. ಒಂದು ಸಂಜೆ ಅವರು ಮೈ ಹುಷಾರಿಲ್ಲವೆಂದು ಕ್ಲಬ್ಬಿಗೆ ಹೋಗದೆ ಸೀದಾ ಮನೆಗೆ ಹೊರಟರಂತೆ. ಮನೆಯ ಬಾಗಿಲು ಮುಟ್ಟುವವರೆಗೂ ವಾಚು ಬಡಕೊಂಡಿತಂತೆ.

೫. ಗುಂಡು ಸುತ್ತಿದವರು

ಇಷ್ಟಾದ ಮೇಲೆ ಚಾಚಾಗೆ ತಾಳ್ಮೆ ಉಳಿಯಲಿಲ್ಲ. ಕೊಟ್ಟೂರಿನಿಂದ ತಂಗಿ ಮಗನನ್ನು ಕರೆಸಿಯೇಬಿಟ್ಟರು.

"ಈ ಭಾನುವಾರ ಹಡಗಲಿಯಿಂದ ಗುಂಪು ಬರತೈತಿ. ನಕ್ಷಿ ನಿಂದು, ಮಾತು ಇವಂದು. ಯಾರು ಉಳಿತೀರಿ ಅನ್ನೋದು ಸಂಜಿಗೆ ಹೇಳ್ತೀನಿ."

ಅವರು ಹತ್ತಬೇಕಿದ್ದ ಗುಡ್ಡದ ನೆತ್ತಿಯಲ್ಲಿ ಮನೆಯಷ್ಟು ದೊಡ್ಡ ಗುಂಡುಕಲ್ಲೊಂದಿದೆ. ದಾರಿ ಅದನ್ನೊಂದು ಸುತ್ತು ಹಾಕಿ, ಒಂದು ಬಿಳಿ ಕಲ್ಲಿನ ಹತ್ತಿರ ಎಡಕ್ಕೆ ತಿರುಗಿ ಕೆಳಗಿಳಿಯುತ್ತದೆ. ನಾನು ಸುತ್ತನ್ನೂ ಬರೆದಿದ್ದೆ, ಇಳಿಯುವುದನ್ನೂ ಬರೆದಿದ್ದೆ. ಎಲ್ಲಿ ಸುತ್ತು ಬಿಟ್ಟು ಇಳಿಯಬೇಕೋ ಅಲ್ಲಿ ಗುರುತು ಹಾಕಿರಲಿಲ್ಲ. ಗೆರೆ ಬಿಟ್ಟರೆ ವಾಚು ಕೂಗುತ್ತದೆ. ಅವರು ಗೆರೆ ಬಿಡಲೇ ಇಲ್ಲ.

ಭಾನುವಾರ ತಂಗಿ ಮಗನ ಜೊತೆ ಹತ್ತಿದ ಗುಂಪು ಇಳಿಯುವ ಹೊತ್ತಿಗೆ ಸರಿಯಾಗಿ ನಾನೂ ಚಾಚಾನೂ ಗುಡ್ಡದ ಬುಡದ ಹಳ್ಳಿಗೆ ಹೋಗಿ ನಿಂತೆವು. ಮೇಲೆ ಸಣ್ಣ ಸಣ್ಣ ಬಣ್ಣದ ಟೋಪಿಗಳು ಸಾಲಾಗಿ ಗುಂಡುಕಲ್ಲಿನ ಹಿಂದೆ ಮರೆಯಾಗುವುದು, ಈಚೆ ಬರುವುದು, ಮತ್ತೆ ಹಿಂದೆ ಮರೆಯಾಗುವುದು ಕಾಣುತ್ತಿತ್ತು. ಫೋನು ಮಾಡಿದರೆ ಅಲ್ಲಿ ಸಿಗ್ನಲ್ ಇಲ್ಲ. ಹೊತ್ತು ಇಳಿಯುತ್ತಿತ್ತು. ಸಂಜೆಯಾದರೆ ಆ ಗುಡ್ಡದಲ್ಲಿ ಕರಡಿ ಓಡಾಡುತ್ತವೆ.

ಪಕ್ಕದಲ್ಲಿ ಎತ್ತು ಹಿಡಿದು ನಿಂತಿದ್ದ ಒಬ್ಬರು ನನ್ನನ್ನು ಕೇಳಿದರು: "ಯಾವ ದೇವರವ್ವ ಅದು?"

"ದೇವರಲ್ಲ. ಬರೇ ಗುಂಡು."

"ಮತ್ತ ಯಾಕ ಪ್ರದಕ್ಷಿಣಿ ಹಾಕಾಕತ್ಯಾರ? ಅಷ್ಟು ದೂರದಿಂದ ಕಾರು ಮಾಡ್ಕೊಂಡು ಬಂದು?" ಅವರು ಚಪ್ಪಲಿ ಬಿಟ್ಟು ಕೈಮುಗಿದರು. "ಇರಲಿ, ಯಾವುದಕ್ಕೂ."

ಅಷ್ಟರಲ್ಲಿ ಈರುಳ್ಳಿ ಮಾರುವ ಗೂಡ್ಸ್ ಆಟೋ ಬಂತು. ಮೇಲೊಂದು ಹಾರ್ನ್ ಸ್ಪೀಕರ್. "ಉಳ್ಳಾಗಡ್ಡಿ, ಉಳ್ಳಾಗಡ್ಡಿ, ಒಣಾ ಉಳ್ಳಾಗಡ್ಡಿ" ಎಂದು ಒಂದೇ ಸಮ ಕೂಗುತ್ತಿತ್ತು. ಚಾಚಾ ಅಡ್ಡ ನಿಂತು ಆಟೋ ನಿಲ್ಲಿಸಿ, ಮೈಕು ಇಸಿದುಕೊಂಡು, ಬಾಯಿ ತೆರೆದರು. ತೆರೆದವರು ಹಾಗೇ ನನ್ನ ಕಡೆ ತಿರುಗಿದರು.

"ಎಡಕೋ ಬಲಕೋ?"

ಅದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಬಿಳಿ ಕಲ್ಲಿನ ವಿಷಯ ಹೇಳಿದೆ. ಅವರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. "ಯಲಾ ಇವಳ, ನೀನ ಹೇಳ!" ಎಂದು ಮೈಕು ನನ್ನ ಕೈಗೆ ತುರುಕಿದರು. ಅದರಲ್ಲೊಂದು ಕೆಂಪು ಗುಂಡಿ ಇತ್ತು. ಒತ್ತಿ ಹಿಡಿದು, ಕಣ್ಣು ಮುಚ್ಚಿ, ಜೀವನದಲ್ಲಿ ಎಂದೂ ಕೂಗದಷ್ಟು ಗಟ್ಟಿಯಾಗಿ ಕೂಗಿದೆ:

"ಸುತ್ತೋದು ನಿಲ್ಸ್ರಿ! ಬಿಳಿ ಕಲ್ಲಿನ ಹತ್ರ ಎಡಕ್ಕ ತಿರುಗ್ರಿ! ಕೆಳಗ ಇಳದು ಬರ್ರಿ! ಹೆದರಬ್ಯಾಡ್ರಿ, ನಾವು ಇಲ್ಲೇ ಅದೀವಿ!"

ಏನೂ ಕೇಳಿಸಲಿಲ್ಲ. ಗುಂಡಿ ಬಿಟ್ಟ ಮೇಲೆ ಹಾರ್ನಿನಿಂದ ನನ್ನ ದನಿ ಗುಡುಗಿತು. ಮುಗಿದ ಮೇಲೆ ಮೊದಲಿನಿಂದ ಮತ್ತೆ ಗುಡುಗಿತು. ನಾನು ಒತ್ತಿದ್ದು ಮಾತನ್ನು ಮುದ್ರಿಸಿಕೊಂಡು ತಿರುಗಿ ತಿರುಗಿ ಹೇಳುವ ಗುಂಡಿ. ಉಳ್ಳಾಗಡ್ಡಿ ಅಳಿಸಿಹೋಗಿತ್ತು. ಮೇಲೆ ಟೋಪಿಗಳ ಸಾಲು ನಿಂತಿತು, ಎಡಕ್ಕೆ ತಿರುಗಿತು, ಇಳಿಯಿತು.

ತಂಗಿ ಮಗ ಎಲ್ಲರಿಗಿಂತ ಮುಂದೆ ಇಳಿದು ಬಂದ. ಗಂಟಲು ಕಟ್ಟಿಹೋಗಿತ್ತು.

"ಮಾಮು, ಎಲ್ಲೋ ತಪ್ಪೇತಿ ಅಂತ ನಾನು ಮೂರನೇ ಸುತ್ತಿಗೇ ಅಂದೆ" ಎಂದ.

ಹಿಂದೆ ಬರುತ್ತಿದ್ದ ಹಡಗಲಿಯ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಯಾವಾಗ ಅಂದ್ರಿ? ಪ್ರತಿ ಸುತ್ತಿಗೂ ಇದು ಬ್ಯಾರೆ ಗುಂಡು ಅಂತ ಹೇಳಿ ಒಂದೊಂದು ಬ್ಯಾರೆ ಕಥಿ ಹೇಳಿದ್ರಲ್ರೀ! ಒಂದರಾಗ ರಾಜನ ನಿಧಿ ಇಟ್ರಿ, ಒಂದರಾಗ ರಾಣಿ ಬಿದ್ದು ಸತ್ಲು ಅಂದ್ರಿ!"

ಚಾಚಾ ಅವನಿಗೆ ಕೊಟ್ಟೂರಿನ ಬಸ್ಸು ತೋರಿಸಿದರು. ನನಗೆ, "ನಕ್ಷಿನೂ ನೀನ ಮಾಡು, ಮಾತೂ ನೀನ ಆಡು" ಎಂದರು. ಕೆಲಸ ಉಳಿಯಿತು. ಯಾವುದರಿಂದ ತಪ್ಪಿಸಿಕೊಳ್ಳಲು ಆ ಕೆಲಸ ಹಿಡಿದಿದ್ದೆನೋ ಅದೂ ಅದರ ಜೊತೆಗೇ ಬಂತು.

ಈರುಳ್ಳಿಯವನಿಗೆ ನನ್ನ ದನಿ ಅಳಿಸಲು ಬರಲಿಲ್ಲ. ಅಳಿಸಬೇಕು ಎಂದೂ ಆಮೇಲೆ ಅನಿಸಲಿಲ್ಲವಂತೆ. ಏನೋ ಆಗಿದೆ ಎಂದು ಹೆದರಿ ಜನ ಮನೆಯಿಂದ ಹೊರಗೆ ಓಡಿ ಬರುತ್ತಾರೆ. ಬಂದವರು ಬರಿಗೈಲಿ ಯಾಕೆ ಹೋಗಬೇಕೆಂದು ಎರಡು ಕಿಲೋ ತೂಗಿಸಿಕೊಂಡು ಹೋಗುತ್ತಾರೆ.

ಮೊನ್ನೆ ಆ ಆಟೋ ನಮ್ಮ ಓಣಿಗೂ ಬಂತು. "ಕೆಳಗ ಇಳದು ಬರ್ರಿ! ಹೆದರಬ್ಯಾಡ್ರಿ, ನಾವು ಇಲ್ಲೇ ಅದೀವಿ!" ನಾನು ಅಡುಗೆಮನೆಯಲ್ಲಿ ಬಾಗಿಲ ಹಿಂದೆ ಸರಿದು ನಿಂತೆ. ನಮ್ಮವ್ವ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತು, ಪೂರ್ತಿ ಕೇಳಿಸಿಕೊಂಡಳು. ಹೆತ್ತವಳು. ನನ್ನ ದನಿ ಆ ಎತ್ತರಕ್ಕೆ ಹೋದದ್ದನ್ನು ಆಕೆ ಯಾವತ್ತೂ ಕೇಳಿರಲಿಲ್ಲ.

"ಕೇಳಿದ್ಯಾ?" ಎಂದಳು ನನ್ನ ಕಡೆ ತಿರುಗಿ. "ಯಾರ ಹೆತ್ತ ಮಗಳೋ, ಉಳ್ಳಾಗಡ್ಡಿ ಮಾರಿದ್ರೂ ಎಷ್ಟು ದಿಟ್ಟ ಅದಾಳ ನೋಡು. ನೀನೂ ಅದಿ."