ಮೂರುಮರದ ಕೊಪ್ಪಲಿನ ಒಮ್ಮತದ ಅಭಿಪ್ರಾಯ

ಒಂದೇ ಒಂದು ವಾಟ್ಸಾಪ್ ಸಂದೇಶ ಐನೂರು ಜನಕ್ಕೆ ಊಟ ಹಾಕಿಸಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಐನೂರಲ್ಲ, ಏಳುನೂರು. ನಾನು ಯಾವತ್ತೂ ಕಡಿಮೆ ಮಾಡಿಯೇ ಹೇಳುವವನು. ನನ್ನಷ್ಟು ತೂಕ ಮಾಡಿ ಮಾತಾಡುವವನು ಇನ್ನೊಬ್ಬನಿದ್ದರೆ ಅವನು ಮದ್ದೂರಿನ ಆಚೆ ಎಲ್ಲೋ ಇರಬೇಕು, ಈಚೆಗಂತೂ ಇಲ್ಲ.

ಸಂದೇಶ ಬಂದಾಗ ರಘುನಂದನ್ ಮೇಷ್ಟ್ರು ದುದ್ದದ ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನಿಂತಿದ್ದರು. ಇನ್ನೊಂದು ಕಾಲಿಡುವ ಜಾಗದಲ್ಲಿ ಯಾರದೋ ಕೋಳಿ ಬುಟ್ಟಿಯಿತ್ತು. ಹನ್ನೊಂದು ವರ್ಷದಿಂದ ಅವರ ಪಾಡು ಇದೇ. ಮಂಡ್ಯದ ಗುತ್ತಲಿನ ಮನೆಯಿಂದ ಹೊರಟು, ದುದ್ದದಲ್ಲಿ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ನಡೆದು ಮೂರುಮರದ ಕೊಪ್ಪಲಿನ ಸರ್ಕಾರಿ ಶಾಲೆ ಸೇರಬೇಕು. ಊರಿನ ಹೆಸರಿನಲ್ಲಿ ಮೂರು ಮರ, ಊರಿನಲ್ಲಿ ಎರಡೇ. ಮೂರನೆಯದನ್ನು ಕಡಿದವರು ಯಾರು ಎಂದು ಕೇಳಿದರೆ ಇವತ್ತಿಗೂ ಹೊಡೆದಾಟವಾಗುತ್ತದೆ.

ಸಂದೇಶ ಹೀಗಿತ್ತು: ‘ಈ ಸಾಲಿನ ಅನುದಾನ ಕಡಿತವಾಗಿರುವುದರಿಂದ ಯಾವುದನ್ನು ಕೈಬಿಡಬಹುದೆಂದು ಸಾರ್ವಜನಿಕರ ಸಭೆ ಕರೆದು ಅಭಿಪ್ರಾಯ ಪಡೆದು, ಐವತ್ತಕ್ಕೆ ಕಡಿಮೆಯಿಲ್ಲದ ಜನರಿರುವ ಫೋಟೋ ಸಮೇತ ಇಂದೇ ಸಂಜೆ ಐದರೊಳಗೆ ಸಲ್ಲಿಸತಕ್ಕದ್ದು.’

ಓದಿ ಮುಗಿಸುವಷ್ಟರಲ್ಲಿ ಶಿಕ್ಷಣಾಧಿಕಾರಿ ವೀಣಾ ಮೇಡಂ ಫೋನು ಬಂತು.

“ರಘುನಂದನ್, ನಿಮ್ಮ ಗುತ್ತಲಿನ ಫೈಲು ನನ್ನ ಬ್ಯಾಗಲ್ಲೇ ಇದೆ. ಮಧ್ಯಾಹ್ನ ನಿಮ್ಮ ಸಭೆಗೆ ಬರ್ತೀನಿ. ಗಲಾಟೆಯಿಲ್ಲದೆ ಒಮ್ಮತದ ಅಭಿಪ್ರಾಯ ಕೊಡ್ಸಿ, ಅಲ್ಲೇ ಸೈನ್ ಹಾಕ್ತೀನಿ.”

ಮೇಷ್ಟ್ರ ಕಾಲು ಸಂತೋಷಕ್ಕೆ ಕೋಳಿ ಬುಟ್ಟಿಯ ಮೇಲೆ ಇಳಿಯಿತು. ಕೋಳಿ ಕೂಗಿದ್ದು ಮಳವಳ್ಳಿಗೆ ಕೇಳಿಸಿತು.

ಆ ಫೈಲಿನಲ್ಲಿ ಮೇಷ್ಟ್ರ ಜೀವವಿತ್ತು. ಗುತ್ತಲಿನಲ್ಲಿ ಅವರ ಮನೆಯ ಎದುರಿಗೇ ಒಂದು ಪುಟ್ಟ ಶಾಲೆ. ಹನ್ನೊಂದು ಮಕ್ಕಳು, ಇಬ್ಬರು ಟೀಚರು. ಒಬ್ಬರು ತಿಂಗಳ ಕೊನೆಗೆ ನಿವೃತ್ತಿ. ಇನ್ನೊಬ್ಬರು ಮೇಷ್ಟ್ರ ಹೆಂಡತಿ ರೂಪ. ಖಾಲಿಯಾಗುವ ಜಾಗ ತನಗೆ ಸಿಕ್ಕರೆ, ಮನೆಯಲ್ಲಿ ಕುಕ್ಕರಿಟ್ಟು ಶಾಲೆಗೆ ಹೋಗಿ ಮೂರನೇ ವಿಷಲ್ಲಿಗೆ ಬಂದು ಒಲೆ ಆರಿಸಬಹುದು. ‘ಪತಿ ಪತ್ನಿ ಒಂದೇ ಶಾಲೆಯಲ್ಲಿ ಸೇವೆ ಸಲ್ಲಿಸಲು ಅನುವು ಮಾಡಿಕೊಡಬೇಕು’ ಎಂದು ಮೇಷ್ಟ್ರು ಅರ್ಜಿ ಬರೆದಿದ್ದರು. ರೂಪ ಅವರಿಗಿಂತ ಎರಡು ವರ್ಷ ಮೊದಲೇ ಕೆಲಸಕ್ಕೆ ಸೇರಿದವರು. ಆ ಎರಡು ವರ್ಷವನ್ನು ದಿನಕ್ಕೆರಡು ಸಲ ನೆನಪಿಸುವವರು. ಕೊಪ್ಪಲಿನಲ್ಲಿ ಹೆಡ್‌ಮಾಸ್ಟ್ರು ಇವರೇ, ಅಲ್ಲಿಗೆ ಹೋದರೆ ಹೆಡ್‌ಮಾಸ್ಟ್ರ ಕುರ್ಚಿ ಹೆಂಡತಿಗೇ ಬಿಡಬೇಕು. ಬಿಸಿ ಅನ್ನಕ್ಕಾಗಿ ಮೇಷ್ಟ್ರು ಅದಕ್ಕೂ ತಯಾರಿದ್ದರು.

ಇದು ಊರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಬಿಡುವ ಜನ ಅವರಲ್ಲ. ಹಿಂದಿನ ಮೇಷ್ಟ್ರಿಗೆ ವರ್ಗವಾದಾಗ ಹೆಂಗಸರು ಬಸ್ಸಿನ ಮುಂದೆ ಮಲಗಿ, ಡ್ರೈವರನಿಗೇ ವರ್ಗವಾಗಿತ್ತು. ಆದರೂ ಬಾಯಿ ಎಂಬುದೊಂದಿದೆಯಲ್ಲ. ಬಿಸಿಯೂಟ ಮಾಡುವ ಚಿಕ್ಕಬೋರಮ್ಮನ ಮುಂದೆ ಮುದ್ದೆ ಮುರಿಯುತ್ತ ಮೇಷ್ಟ್ರು ಒಂದು ದಿನ ಆ ಶಾಲೆಯನ್ನು ಸ್ವರ್ಗದಂತೆ ಬಣ್ಣಿಸಿಬಿಟ್ಟಿದ್ದರು: “ಹನ್ನೊಂದೇ ಮಕ್ಕಳು ಕಣಮ್ಮ. ಒಬ್ರು ಟೀಚರು ಹಾಜರಿ ಹಾಕಿದ್ರೆ ಇನ್ನೊಬ್ರು ತೂಕಡಿಸ್ತಾರೆ. ಮೂರು ಬೀದಿ ದಾಟಿದ್ರೆ ಇನ್ನೊಂದು ದೊಡ್ಡ ಶಾಲೆ ಬೇರೆ ಇದೆ.” ಹೆಂಡತಿ ಅಲ್ಲೇ ಇದ್ದಾಳೆ ಎಂದಾಗಲಿ, ತಾನೂ ಅಲ್ಲಿಗೇ ಹೊರಟಿದ್ದೇನೆ ಎಂದಾಗಲಿ ಹೇಳಿರಲಿಲ್ಲ. ಬಹಳ ಜಾಣರು.

ಶಾಲೆಯ ಕಾಂಪೌಂಡಿನ ಮೇಲೆ ಶಾಲಾ ಸಮಿತಿಯ ಅಧ್ಯಕ್ಷ ಮರಿಸಿದ್ದಯ್ಯ ಕೂತಿದ್ದ. ಅವನು ಆ ಕಾಂಪೌಂಡಿನಿಂದ ಇಳಿದದ್ದನ್ನು ಕಂಡವರಿಲ್ಲ.

“ಐವತ್ ಜನ್ವಾ?” ಮರಿಸಿದ್ದಯ್ಯ ನಕ್ಕ. “ಸಾ, ಕಬ್ಬು ಕಡಿಯೋ ಕಾಲ. ಇವತ್ತು ನಾನ್ ಸತ್ರೂ ಎತ್ತಕೆ ನಾಕ್ ಜನ ಸಿಗಾಕಿಲ್ಲ.”

“ಹಾಗಂದ್ರೆ ಹೇಗೆ? ಏನಾದ್ರೂ ದಾರಿ ಹೇಳಿ.”

“ದೊಡ್ಡಸಿದ್ದಯ್ಯನ ಕೈಲಿ ಮೈಕಲ್ಲಿ ಕೂಗ್ಸಿ. ಅವನ್ ಕೂಗುದ್ರೆ ಮದ್ದೂರ್ ಟೇಸನ್ನಲ್ಲಿ ನಿಂತಿರೋ ರೈಲು ಹಿಂದುಕ್ಕೆ ಬತ್ತದೆ.”

ದೊಡ್ಡಸಿದ್ದಯ್ಯನ ಗಂಟಲನ್ನು ನಾನೂ ಕೇಳಿದ್ದೇನೆ, ರೈಲಿನ ಮಾತು ನಿಜ. ನಲವತ್ತು ವರ್ಷದಿಂದ ಸುತ್ತಿನ ಮದುವೆ, ತಿಥಿ, ನಾಮಕರಣ, ಗೃಹಪ್ರವೇಶ ಎಲ್ಲವನ್ನೂ ಸಾರಿದ ಗಂಟಲು ಅದು. ಪಂಪ್‌ಸೆಟ್ ಮೆಕ್ಯಾನಿಕ್ ಅಸದುಲ್ಲಾ ತನ್ನ ಗೂಡ್ಸ್ ಆಟೋಗೆ ಮೈಕು ಕಟ್ಟಿದ. ಅವನ ಮಗಳು ಮಾಹೀನ್ ಅದೇ ಶಾಲೆಯ ಆರನೇ ತರಗತಿ. ಮೇಷ್ಟ್ರು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ದೊಡ್ಡಸಿದ್ದಯ್ಯ ಚೀಟಿಯನ್ನು ಭಕ್ತಿಯಿಂದ ಜೇಬಿಗಿಟ್ಟು, ಕನ್ನಡಕವನ್ನು ಮನೆಯಲ್ಲಿ ಮರೆತು, ಆಟೋ ಹತ್ತಿದ.

ಮೇಷ್ಟ್ರು ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದಾಗ ಧ್ವನಿ ಕೇಳಿಸಿತು.

“ಇವತ್ತು ನಮ್ಮೂರ ಇಸ್ಕೂಲಲ್ಲಿ ದೊಡ್ ಮೀಟಿಂಗು! ಎಲ್ರೂ ಬರ್ಬೇಕು! ಬಂದೋರೆಲ್ಲ ಊಟ ಮಾಡ್ಕಂಡೇ ಓಗ್ಬೇಕು! ಊಟ ಮಾಡ್ದೆ ಓದ್ರೆ ಮೇಷ್ಟ್ರಿಗೆ ಅವಮಾನ ಮಾಡ್ದಂಗೆ!”

ಚಾಕ್‌ಪೀಸು ಕೆಳಗೆ ಬಿತ್ತು. ಮೇಷ್ಟ್ರು ಆಟೋದ ಹಿಂದೆ ಮೂರು ಬೀದಿ ಓಡಿದರು.

“ದೊಡ್ಡಸಿದ್ದಯ್ಯ! ಊಟ ಅಂತ ನಾನೆಲ್ಲಿ ಬರೆದಿದ್ದೆ?”

“ಬರ್ದಿರ್ಲಿಲ್ವಾ ಸಾ? ಮರ್ತಿರ್ತೀರಿ ಬುಡಿ, ನಾನೇ ಸೇರುಸ್ದೆ.”

“ಊಟ ಇಲ್ಲ ಅಂತ ಇನ್ನೊಂದು ಸಲ ಕೂಗಿ!”

ದೊಡ್ಡಸಿದ್ದಯ್ಯ ಎದೆಗೆ ಗುಂಡು ಬಿದ್ದವನಂತೆ ನೋಡಿದ. “ಊಟ ಇಲ್ಲ ಅಂತ್ಲಾ? ನಲವತ್ ವರ್ಸದಲ್ಲಿ ಈ ಬಾಯಲ್ಲಿ ಆ ಮಾತ್ ಬಂದಿಲ್ಲ ಕಣ್ ಸಾ. ಬರಾದೂ ಇಲ್ಲ.”

ಹನ್ನೆರಡಕ್ಕೆಲ್ಲ ಜನ ಬರತೊಡಗಿದರು. ಕಬ್ಬು ಕಡಿಯುತ್ತಿದ್ದವರು ಕುಡುಗೋಲು ಸಮೇತ ಬಂದರು. ಪಕ್ಕದೂರಿನವರು ಟ್ರ್ಯಾಕ್ಟರಿನಲ್ಲಿ ಬಂದರು. ಶಿವಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರೆಂದೂ ಹೇಳುತ್ತಾರೆ, ಅದನ್ನು ನಾನು ಪರೀಕ್ಷಿಸಿಲ್ಲ. ಯಶೋದಮ್ಮ ಎಂಬ ಮುದುಕಿ ತೆಂಗಿನಕಾಯಿ, ಎಲೆ ಅಡಿಕೆ ತಟ್ಟೆಯೊಂದಿಗೆ ಬಂದು ಮೇಷ್ಟ್ರ ತಲೆಯ ಮೇಲೆ ಅಕ್ಷತೆ ಹಾಕಿದಳು.

“ನೂರ್ ಕಾಲ ಚೆನ್ನಾಗ್ ಬಾಳಪ್ಪ. ಹೆಣ್ ಎಲ್ಲಿ?”

“ಅಜ್ಜಿ, ಇದು ಮದುವೆಯಲ್ಲ, ಅನುದಾನ ಕಡಿತದ ಸಭೆ!”

“ಎಂತದಾದ್ರೂ ಆಗ್ಲಿ ಮಗಾ. ಸುಬ ಆಗ್ಲಿ.”

ಮೇಷ್ಟ್ರು ಅಡುಗೆ ಕೋಣೆಗೆ ಓಡಿದರು. ಒಳಗೆ ಮೂವತ್ತೆಂಟು ಮಕ್ಕಳಿಗೆ ಅಳೆದಿಟ್ಟ ಅಕ್ಕಿ, ಹೊರಗೆ ಜಾತ್ರೆ. “ಚಿಕ್ಕಬೋರಮ್ಮ, ನನ್ನ ಕತೆ ಮುಗೀತು. ಖರ್ಚು ಕಮ್ಮಿ ಮಾಡೋ ಸಭೆಗೆ ಏಳುನೂರು ಜನಕ್ಕೆ ಊಟ ಅಂದ್ರೆ ಮೇಡಂ ನನ್ನನ್ನ ಸಸ್ಪೆಂಡ್ ಮಾಡ್ತಾರೆ!”

ಚಿಕ್ಕಬೋರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಯಾಕ್ ಸಾ ಅಂಗ್ ಬೆವ್ರುತೀರಿ? ಸರ್ಕಾರದ ಒಂದ್ ಕಾಳಕ್ಕಿ ಮುಟ್ಟಾಕಿಲ್ಲ. ಉಣ್ಣೋರು ಊರ್ನೋರು, ಊರ್ನೋರೇ ತರ್ಲಿ.” ಹೊರಗೆ ಬಂದು ಒಂದು ಕೂಗು ಹಾಕಿದಳು. “ಲೇ, ಯಾರ್ ಯಾರ್ ಮನೇಲಿ ಇಟ್ಟದೆ, ಉಳ್ಳಿಕಾಳದೆ, ತಂದ್ ಸುರೀರ್ಲಾ! ಬರೀ ಬಾಯ್ ತಕಂಡ್ ಬಂದವ್ರೆ!”

ಅರ್ಧ ಗಂಟೆಯಲ್ಲಿ ರಾಗಿಹಿಟ್ಟು ಬೆಟ್ಟವಾಯಿತು. ಅಸದುಲ್ಲಾ ತನ್ನ ತಂಗಿಯ ಮದುವೆಗೆ ತರಿಸಿದ್ದ ಹಂಡೆಗಳನ್ನು ಆಟೋದಲ್ಲಿ ಹೊತ್ತು ತಂದ. ಹುರುಳಿಕಾಳು ಬಸ್ಸಾರಿನ ಘಮಕ್ಕೆ ಆಕಾಶದಲ್ಲಿ ಹೋಗುತ್ತಿದ್ದ ಹದ್ದು ಇಳಿದು ಕೂತಿತು. ಮುದ್ದೆಗಳ ಗಾತ್ರ ಹೇಳುವುದಿಲ್ಲ, ಹೇಳಿದರೆ ನನ್ನ ಹೆಸರು ಕೆಡುತ್ತದೆ. ಒಂದು ಮುದ್ದೆಯ ಮರೆಯಲ್ಲಿ ಇಬ್ಬರು ಹುಡುಗರು ಕಣ್ಣಾಮುಚ್ಚಾಲೆ ಆಡಿದರು ಎಂದಷ್ಟೇ ಹೇಳುತ್ತೇನೆ.

ಎರಡು ಗಂಟೆಗೆ ವೀಣಾ ಮೇಡಂ ಜೀಪಿನಿಂದ ಇಳಿದರು. ಮೇಷ್ಟ್ರು ತಲೆಯಲ್ಲಿ ಅಕ್ಷತೆ, ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದು ಕಂಬದಂತೆ ನಿಂತರು.

“ಏನ್ರೀ ಇದು?”

ಮೇಷ್ಟ್ರು ಸಾರಿನ ಬಕೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟರು. ದೊಡ್ಡಸಿದ್ದಯ್ಯನೇ ಎಲೆ ಹಾಕಿದ. “ಕೂತ್ಕಳಿ ಮೇಡಮ್ಮೋರೇ. ಊಟ ಮಾಡ್ದೆ ಓದ್ರೆ ಮೇಷ್ಟ್ರಿಗೆ ಅವಮಾನ ಮಾಡ್ದಂಗೆ.”

ಮೇಡಂ ಒಂದು ಮುದ್ದೆ ಉಂಡರು. ಆಮೇಲೆ ತಾವಾಗಿಯೇ ಕೇಳಿ ಇನ್ನೊಂದು ಉಂಡರು. ಕೈ ತೊಳೆದು ಬಂದಾಗ ಮುಖ ಹುಣ್ಣಿಮೆಯಾಗಿತ್ತು. ಮೇಷ್ಟ್ರಿಗೆ ಹೋದ ಜೀವ ಬಂತು. ಗುತ್ತಲಿನ ಕುಕ್ಕರಿನ ಮೊದಲ ವಿಷಲ್ಲು ಅವರಿಗೆ ಅಲ್ಲೇ ಕೇಳಿಸಿತು.

ಸಭೆ ಶುರುವಾಯಿತು. ಮೇಷ್ಟ್ರು ಮೈಕು ಹಿಡಿದು ಪಟ್ಟಿ ಓದಿದರು.

“ಮಕ್ಕಳ ಹಾಲು ಕೈಬಿಡಬಹುದೇ?”

“ನಿಮ್ ಕಾಪಿ ಬುಡಿ ಮೊದ್ಲು!” ಹಿಂದಿನಿಂದ ಯಾರೋ ಕೂಗಿದರು.

“ಅತಿಥಿ ಶಿಕ್ಷಕರು?”

“ನಮ್ ಮಾಹೀನ್‌ಗೆ ಇಂಗ್ಲೀಸು ಯೋಳ್ಕೊಡೋದು ಅವ್ರೇ ಸಾ,” ಎಂದ ಅಸದುಲ್ಲಾ. “ಅವ್ರನ್ ಬುಟ್ರೆ ನಿಮ್ ಬೋರ್‌ವೆಲ್ ಮೋಟ್ರು ನಾನ್ ಮುಟ್ಟಾಕಿಲ್ಲ.”

“ಅಡುಗೆಯವರು ಇಬ್ಬರಲ್ಲಿ ಒಬ್ಬರು...”

ಚಿಕ್ಕಬೋರಮ್ಮ ಸೌಟು ಎತ್ತಿದಳು. ಮೇಷ್ಟ್ರು ಆ ಸಾಲನ್ನು ದಾಟಿ ಮುಂದೆ ಹೋದರು.

ಪಟ್ಟಿ ಮುಗಿಯಿತು, ಊರು ಒಂದನ್ನೂ ಬಿಡಲಿಲ್ಲ. ಅದರ ಮೇಲೆ ಮರಿಸಿದ್ದಯ್ಯ ಕಾಂಪೌಂಡಿನ ಮೇಲಿಂದಲೇ ಹೊಸ ಶೌಚಾಲಯ, ಎರಡು ಕಂಪ್ಯೂಟರು ಮತ್ತು ತನಗೆ ಕೂರಲು ಕಾಂಪೌಂಡಿಗೆ ಸಿಮೆಂಟು ಕೇಳಿದ. ಮೇಡಂ ಮುಖದ ಹುಣ್ಣಿಮೆ ಕರಗುತ್ತ ಬಂತು.

“ದಯವಿಟ್ಟು,” ಮೇಷ್ಟ್ರು ಮೈಕಿನ ಸಮೇತ ಕೈ ಮುಗಿದರು, “ಏನಾದ್ರೂ ಒಂದು ಬಿಡಲೇಬೇಕು. ಒಂದೇ ಒಂದು ಹೇಳಿ.”

ಚಿಕ್ಕಬೋರಮ್ಮ ಬಂದು ಮೈಕು ಕಿತ್ತುಕೊಂಡಳು. “ಬುಡಾದು ನಮ್ಮೈಕ್ಳದ್ಯಾಕ್ ಬುಡ್ಬೇಕು ಮೇಡಮ್ಮೋರೇ? ಗುತ್ತಲಲ್ಲಿ ಒಂದ್ ಇಸ್ಕೂಲದಂತೆ. ಅನ್ನೊಂದೇ ಐಕ್ಳಂತೆ, ಇಬ್ರು ಟೀಚರಂತೆ. ಒಬ್ರು ಹಾಜ್ರಿ ಹಾಕುದ್ರೆ ಇನ್ನೊಬ್ರು ತೂಕಡಿಸ್ತಾರಂತೆ. ಮೂರ್ ಬೀದಿ ಆಚೆಗೆ ಇನ್ನೊಂದ್ ದೊಡ್ ಇಸ್ಕೂಲ್ ಬೇರೆ ಅದಂತೆ. ಆ ಐಕ್ಳ್ನ ಅಲ್ಲಿಗ್ ಕಳ್ಸಿ, ಅದುನ್ನ ಮುಚ್ಚಿ!”

“ಬೇಡ! ಬೇಡ!” ಮೇಷ್ಟ್ರು ಎರಡೂ ಕೈ ಎತ್ತಿ ನಿಂತಲ್ಲೇ ಹಾರಿದರು. ಅದೇ ಹೊತ್ತಿಗೆ ಅಸದುಲ್ಲಾನ ಮೈಕು ‘ಕೂಂಯ್’ ಎಂದು ಕಿರುಚಿತು. ಮಾತು ಯಾರಿಗೂ ಕೇಳಲಿಲ್ಲ, ಕೈ ಮಾತ್ರ ಎಲ್ಲರಿಗೂ ಕಂಡಿತು.

ಮೂರುಮರದ ಕೊಪ್ಪಲಿನಲ್ಲಿ ಒಂದು ಪದ್ಧತಿಯಿದೆ. ಪಂಚಾಯ್ತಿಯಲ್ಲಿ ದೊಡ್ಡವರೊಬ್ಬರು ಕೈ ಎತ್ತಿದರೆ ಉಳಿದವರೂ ಎತ್ತಬೇಕು. ಎತ್ತದೆ ಕೂತರೆ ಅವರ ಮುಖಕ್ಕೆ ಹೊಡೆದಂತೆ. ಮೇಷ್ಟ್ರು ಎರಡು ಕೈ ಎತ್ತಿದ್ದರು. ಏಳುನೂರು ಜನ ಸಾವಿರದ ನಾನೂರು ಕೈ ಎತ್ತಿದರು. ಕುಡುಗೋಲುಗಳೂ ಮೇಲೆ ಹೋದವು. ಮರಿಸಿದ್ದಯ್ಯ ಕೂಡ ಎತ್ತಿದ, ಆಯ ತಪ್ಪಿ ಆ ದಿನ ಮೊದಲ ಬಾರಿಗೆ ಕಾಂಪೌಂಡಿನಿಂದ ಕೆಳಗಿಳಿದ. ಮೇಡಂ ಅದೇ ಕ್ಷಣಕ್ಕೆ ಫೋಟೋ ಹೊಡೆದರು.

“ಅದ್ಭುತ!” ಎಂದರು ಮೇಡಂ. “ತಾಲ್ಲೂಕಿನ ಎಲ್ಲ ಶಾಲೆಯವರೂ ನಮ್ಮದು ಮುಟ್ಟಬೇಡಿ ಅಂತಷ್ಟೇ ಬರೆದಿದ್ದಾರೆ. ದಾರಿ ತೋರಿಸಿದ್ದು ನಿಮ್ಮೂರು ಒಂದೇ. ಆ ಶಾಲೆ ವಿಚಾರ ನನ್ನ ತಲೆಯಲ್ಲೂ ಇತ್ತು, ಜನರ ಬಾಯಲ್ಲಿ ಬರಲಿ ಅಂತ ಕಾಯ್ತಿದ್ದೆ.”

ಆಮೇಲೆ ಮೇಷ್ಟ್ರನ್ನು ಬೇವಿನ ಮರದ ಕೆಳಗೆ ಕರೆದೊಯ್ದರು. “ರಘುನಂದನ್, ನಿಮ್ಮ ಹೆಂಡತಿಯ ಶಾಲೆ ಅದು. ನೀವು ಕೇಳಿದ್ದ ಶಾಲೆಯೂ ಅದೇ. ಆದ್ರೂ ಊರಿಗಾಗಿ ಮೊದಲು ಕೈ ಎತ್ತಿದ್ದು ನೀವು. ಅದೂ ಎರಡೂ ಕೈ!” ಮೇಡಂ ಕಣ್ಣು ಒರೆಸಿಕೊಂಡರು. ಬಸ್ಸಾರಿನ ಖಾರವೂ ಇರಬಹುದು.

“ಮೇಡಂ, ಅದು... ನನ್ನ ಫೈಲು...”

“ಮರೆತಿಲ್ಲ. ಕೊಟ್ಟ ಮಾತು ಕೊಟ್ಟದ್ದೇ. ನಿಮ್ಮ ಕೋರಿಕೆ ಏನು? ಪತಿ ಪತ್ನಿ ಒಂದೇ ಶಾಲೆಯಲ್ಲಿರಬೇಕು, ಅಷ್ಟೇ ತಾನೆ?” ಫೈಲನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಎರಡು ಸಾಲು ಬರೆದು ಸೈನ್ ಹಾಕಿದರು. “ರೂಪ ಟೀಚರು ಸೋಮವಾರದಿಂದ ಇಲ್ಲಿಗೇ. ಅವರು ನಿಮಗಿಂತ ಸೀನಿಯರ್ ಅಲ್ವಾ? ಹೆಡ್‌ಮಾಸ್ಟರ್ ಚಾರ್ಜು ಅವರಿಗೆ ವಹಿಸಿಬಿಡಿ.”

ಸುದ್ದಿ ಕೇಳಿ ಊರು ಶಿಳ್ಳೆ ಹೊಡೆಯಿತು. “ಗಂಡ ಎಂಡ್ತಿ ಇಬ್ರೂ ನಮ್ಗೇ!” ಎಂದು ದೊಡ್ಡಸಿದ್ದಯ್ಯ ಮೈಕಿನಲ್ಲಿ ಸಾರಿದ, ಬಾಯಿ ತಪ್ಪಿ ಊಟಕ್ಕೂ ಕರೆದ. ಹೋಗಿದ್ದವರಲ್ಲಿ ಅರ್ಧ ಜನ ಹಿಂದಕ್ಕೆ ಬಂದರು.

ಸೋಮವಾರ ದುದ್ದದ ಬಸ್ಸಿನಲ್ಲಿ ಒಂದೇ ಸೀಟಿತ್ತು, ಅದರಲ್ಲಿ ರೂಪ ಕೂತರು. ಮೇಷ್ಟ್ರು ಅದೇ ಕೋಳಿ ಬುಟ್ಟಿಯ ಪಕ್ಕ ಒಂಟಿ ಕಾಲಿನಲ್ಲಿ ನಿಂತರು. ಶಾಲೆಯಲ್ಲೂ ಕುರ್ಚಿ ರೂಪರದೇ, ಮೇಷ್ಟ್ರಿಗೆ ಸ್ಟೂಲು. ಗುತ್ತಲಿನಲ್ಲಿ ಕುಕ್ಕರಿಡಲು ಯಾರೂ ಇರಲಿಲ್ಲ.

ಆದರೂ ಮಧ್ಯಾಹ್ನ ಬಿಸಿ ಮುದ್ದೆ ಮುಂದೆ ಬಂದಾಗ ಮೇಷ್ಟ್ರಿಗೆ ಜೀವನ ಅಷ್ಟೇನೂ ಕೆಟ್ಟದ್ದಲ್ಲ ಅನಿಸಿತು. ಚಿಕ್ಕಬೋರಮ್ಮ ಹೊಸ ಹೆಡ್ಮೇಡಮ್ಮಿಗೆ ತುಪ್ಪ ಹಾಕುತ್ತ ಪ್ರೀತಿಯಿಂದ ಕೇಳಿದಳು:

“ಯಾವ್ ಬೀದಿ ಅವ್ವಾ ಗುತ್ತಲಲ್ಲಿ ನಿಮ್ದು? ಆ ತೂಕಡಿಸೋ ಟೀಚರಮ್ಮ ಯಾರು ಅಂತ ನಿಮ್ಗೇನಾದ್ರೂ ಗೊತ್ತಾ? ಈ ಮೇಷ್ಟ್ರು ನಂಗೆ ಕತೆ ಎಲ್ಲಾ ಯೋಳುದ್ರು, ಹೆಸ್ರು ಮಾತ್ರ ಯೋಳ್ಲೇ ಇಲ್ಲ.”

ರೂಪ ನಿಧಾನವಾಗಿ ಗಂಡನ ಕಡೆ ತಿರುಗಿದರು.

ಮೇಷ್ಟ್ರು ಇಡೀ ಮುದ್ದೆಯನ್ನು ಒಂದೇ ಸಲಕ್ಕೆ ಬಾಯಿಗೆ ತುಂಬಿಕೊಂಡರು. ಸಂಜೆಯ ಬಸ್ಸು ಬರುವವರೆಗೂ ಅದನ್ನು ನುಂಗುತ್ತಲೇ ಇದ್ದರು. ಇಡೀ ಕತೆಯಲ್ಲಿ ನಾನು ಉಪ್ಪು ಖಾರ ಹಚ್ಚದೆ ಹೇಳಿದ್ದು ಇದೊಂದೇ.