ಹದಿನಾರು ಫ್ಲೋರ್ ಮಿಲ್ಲಿನ ಗುಪ್ತ ಬಾರು

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದಲ್ಲಿ ಹಿಟ್ಟಿನ ಮಿಲ್ಲು ಒಂದಿದ್ದು, ಸದರಿ ಮಿಲ್ಲಿಗೆ ಮಹಡಿ ಇರುವುದಿಲ್ಲ. ಈ ಎರಡೂ ಸಂಗತಿಗಳನ್ನು ಪಾನೀಯ ವರಮಾನ ಮತ್ತು ಶಿಸ್ತು ಇಲಾಖೆಯವರು ಸ್ಥಳ ಪರಿಶೀಲನೆ ನಡೆಸಿ ಖಚಿತಪಡಿಸಿರುವುದರಿಂದ ಇವುಗಳ ಬಗ್ಗೆ ಯಾರೂ ಅನುಮಾನ ಪಡಬೇಕಾಗಿಲ್ಲ.

ಮಿಲ್ಲು ಇಂದ್ರಾಣಿಯದು. ಗಂಡ ನಟರಾಜ್ ನಂಜನಗೂಡಿನ ಫ್ಯಾಕ್ಟರಿಯೊಂದಕ್ಕೆ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಮಾದಮ್ಮ ಬಾಗಿಲಲ್ಲಿ ಕೂತು ಬಂದವರ ರಾಗಿ ತೂಗುತ್ತಿದ್ದಳು. ಬೆಲ್ಟು ಏರಿಸುವುದು, ಬೀಸುವುದು, ಬೈಸಿಕೊಳ್ಳುವುದು ಎಲ್ಲಾ ಇಂದ್ರಾಣಿಯ ಪಾಲು. ಸಂಜೆ ಕಣ್ಣಿನ ರೆಪ್ಪೆಗೂ ಹಿಟ್ಟು ಮೆತ್ತಿಕೊಂಡು ಮನೆಗೆ ಹೋಗುವಾಗ, ತಾನು ಯಾರ ಹಂಗಿನಲ್ಲೂ ಇಲ್ಲ ಎಂಬ ಒಂದು ಖುಷಿ ಅವಳಿಗೆ ಇರುತ್ತಿತ್ತು. ಮಿಲ್ಲಿನ ಹೆಸರನ್ನು ಫೋನಿನ ನಕ್ಷೆಗೆ ಹಾಕಿದ್ದು ನಟರಾಜ್. ಹೊಸ ಫೋನ್ ತಂದ ದಿನ, ಬೇರೇನೂ ಮಾಡಲು ತೋಚದೆ, 'ಹದಿನಾರು ಫ್ಲೋರ್ ಮಿಲ್' ಎಂದು ಸೇರಿಸಿ ಮರೆತುಬಿಟ್ಟಿದ್ದ. ಇಂಗ್ಲಿಷಿನಲ್ಲಿ ಹಿಟ್ಟಿನ ಫ್ಲೋರೇ ಬೇರೆ, ಮಹಡಿಯ ಫ್ಲೋರೇ ಬೇರೆ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ಆ ಕಾಲಕ್ಕೆ ಸರಿಯಾಗಿ ಬೆಂಗಳೂರಿನಲ್ಲಿ ಗುಪ್ತ ಬಾರುಗಳ ಶೋಕಿ ಶುರುವಾಗಿತ್ತು. ಹೊರಗಿನಿಂದ ಅದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಂತೆ ಕಾಣಬೇಕು. ಒಳಗೆ ಕಪಾಟು ತಳ್ಳಿದರೆ ಬಾರು ಇರಬೇಕು. ಗುಟ್ಟಿನ ಮಾತು ಹೇಳಿದವರಿಗೆ ಮಾತ್ರ ಕಾಕ್‌ಟೇಲು ಸಿಗಬೇಕು. ನಂಜನಗೂಡಿನ ಕಡೆಯ ಗಂಡಸರು ಟವೆಲ್ ಮುಸುಕು ಹಾಕಿಕೊಂಡು ಬ್ರಾಂದಿ ಅಂಗಡಿಗೆ ನುಸುಳುವಾಗ ಪುಕ್ಕಟೆಯಾಗಿ ಅನುಭವಿಸುತ್ತಿದ್ದ ಆತಂಕವನ್ನು ರಾಜಧಾನಿಯಲ್ಲಿ ಮುಂಗಡ ಬುಕಿಂಗ್ ಮಾಡಿ ಪಡೆಯಬೇಕಾಗಿತ್ತು. ಅಂಥ ಬಾರುಗಳಲ್ಲಿ 'ಹದಿನಾರು ಫ್ಲೋರ್' ಎಂಬುದೇ ಅತ್ಯುತ್ತಮವೆಂದು ಯಾರೋ ವಿಡಿಯೋ ಮಾಡಿದರು. ಗುಪ್ತವಾದ್ದರಿಂದ ವಿಳಾಸ ಕೊಡಲಿಲ್ಲ. ಜನ ನಕ್ಷೆಯನ್ನು ಕೇಳಿದರು. ನಕ್ಷೆ ತನಗೆ ಗೊತ್ತಿದ್ದ ಒಂದೇ ಒಂದು ಹದಿನಾರು ಫ್ಲೋರನ್ನು ತೋರಿಸಿತು.

ಮೊದಲು ಬಂದವರು ನಂದಿತಾ ಮತ್ತು ಕೃಷ್ಣಕುಮಾರ್ ಎಂಬ ಇಬ್ಬರು ಬೆಂಗಳೂರಿನವರು. ಕೆರೆಯ ಹಕ್ಕಿ ನೋಡಲು ಬಂದವರಿರಬೇಕೆಂದು ಊರವರು ಅಂದುಕೊಂಡರು. ಆದರೆ ಅವರ ಕಾರು ಕೆರೆ ದಾಟಿ ನೇರವಾಗಿ ಮಿಲ್ಲಿನ ಮುಂದೆ ನಿಂತಿತು.

"ಹದಿನಾರು ಫ್ಲೋರ್ ಇದೇನಾ?" ಎಂದು ನಂದಿತಾ ತಗ್ಗಿದ ದನಿಯಲ್ಲಿ ಕೇಳಿದಳು.

"ಇದೇ ಕಣವ್ವಾ," ಎಂದಳು ಮಾದಮ್ಮ. "ಏನ್ ತಂದಿದ್ದೀರಿ? ನುಣ್ಣಗೋ, ತರಿತರಿಯಾಗೋ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಗುಟ್ಟಿನ ಮಾತು ಕೇಳುತ್ತಾರೆಂದು ವಿಡಿಯೋದಲ್ಲಿ ಹೇಳಿತ್ತು. ಕೃಷ್ಣಕುಮಾರ್, "ತರಿತರಿ," ಎಂದ.

ಅಷ್ಟು ದೂರದಿಂದ ಬರಿಗೈಲಿ ರಾಗಿ ಬೀಸಿಸಲು ಬಂದವರಿಗೆ ಬಿಸಿಲು ತಲೆಗೇರಿರಬೇಕೆಂದು ಇಂದ್ರಾಣಿಗೆ ಕನಿಕರವಾಯಿತು. ಮೂಟೆ ಸರಿಸಿ ಹಿಂದಿನ ಕೋಣೆಯಲ್ಲಿ ಕೂರಿಸಿ, ಮನೆಯಿಂದ ತಂದಿದ್ದ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ಹೆಚ್ಚಿ ಹಾಕಿ, ಸ್ಟೀಲ್ ಲೋಟದಲ್ಲಿ ಕೊಟ್ಟಳು. ಕೃಷ್ಣಕುಮಾರ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಎರಡನೇ ಲೋಟಕ್ಕೆ ಅವನಿಗೆ ಸಣ್ಣಗೆ ಏರಿತು. ಮೂರನೆಯದಕ್ಕೆ ಎದ್ದು, ಮಿಷನ್ನಿನ ಸದ್ದಿಗೆ ಹೆಜ್ಜೆ ಹಾಕಿದ.

"ದುಡ್ಡು ಬ್ಯಾಡ, ಉಸಾರಾಗ್ ಓಗಿ," ಎಂದು ಇಂದ್ರಾಣಿ ಕಳಿಸಿಕೊಟ್ಟಳು. ಬೆಂಗಳೂರಿನ ಯಾವ ಬಾರಿನವರೂ ಇಷ್ಟು ಗುಟ್ಟಾಗಿ ನಡೆದುಕೊಂಡಿರಲಿಲ್ಲ. ಲೋಟದ ಅಡಿಯಲ್ಲಿ ನೋಟುಗಳನ್ನಿಟ್ಟು ಹೋದ ಅವರು, ಊರು ಸೇರಿದ ಮೇಲೆ ಈ ವಿಷಯವನ್ನು ಯಾರಿಗೂ ಹೇಳಬಾರದೆಂಬ ಕೋರಿಕೆಯೊಂದಿಗೆ ಎಲ್ಲರಿಗೂ ಹೇಳಿದರು.

ಮುಂದಿನ ವಾರ ಕಾರುಗಳು ಕೆರೆ ಏರಿಯವರೆಗೂ ನಿಂತವು. ಇಂದ್ರಾಣಿ 'ಇಲ್ಲಿ ಬಾರ್ ಇಲ್ಲ' ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದಳು. ಅದನ್ನು ನೋಡಿ, ದಾರಿ ತಪ್ಪಿತೇನೋ ಎಂದು ಅಳುಕುತ್ತಿದ್ದವರಿಗೂ ಧೈರ್ಯ ಬಂತು. ರಟ್ಟನ್ನು ಕಿತ್ತುಹಾಕಿದಳು. ಬಾರು ಇನ್ನಷ್ಟು ಗುಪ್ತವಾಯಿತೆಂದು ಸುದ್ದಿಯಾಯಿತು. ಬರುವಾಗ ಅರ್ಧ ಕೇಜಿ ರಾಗಿ ತಂದರೆ ಬೇಗ ಒಳಗೆ ಬಿಡುತ್ತಾರೆಂದು ಯಾರೋ ಹೇಳಿದ್ದರಿಂದ, ಎಲ್ಲರೂ ಅರ್ಧರ್ಧ ಕೇಜಿ ರಾಗಿ ಹಿಡಿದು ನಿಂತರು. ಮಾದಮ್ಮ ತೂಗಿ ತೂಗಿ ಸಾಕಾಗಿ, "ಇವರ್ ಮನೇಲಿ ಒಂದೊಂದೇ ಮುದ್ದೆ ತಿರುವ್ತಾರೇನವ್ವಾ!" ಎಂದಳು.

ಇಲಾಖೆಗೆ ದೂರು ಹೋಗುವುದು ಸಹಜವಾಗಿತ್ತು. ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನ್ ಜೀಪಿನಲ್ಲಿ ಬಂದು, ಮೂಟೆಗಳನ್ನೆಲ್ಲ ಚುಚ್ಚಿ ನೋಡಿ, ಲೋಟಗಳನ್ನು ಮೂಸಿ, ಕೊನೆಗೆ ತಲೆಯ ಮೇಲೆ ಕೈ ಹೊತ್ತು ಕೂತರು.

"ಮದ್ಯ ಎಲ್ಲಮ್ಮಾ?"

"ಇಲ್ಲ ಸಾ. ಇದು ಮಿಲ್ಲು."

"ಇದ್ದಿದ್ದರೆ ಎಷ್ಟು ಸುಲಭ ಇತ್ತು! ಸೀಜ್ ಮಾಡ್ತಿದ್ವಿ, ಕೇಸ್ ಹಾಕ್ತಿದ್ವಿ, ಊಟಕ್ಕೆ ಹೋಗ್ತಿದ್ವಿ. ಈಗ ನೋಡು, ಬಾರಿದೆ, ಗಿರಾಕಿ ಇದಾರೆ, ತೂರಾಡೋರೂ ಇದಾರೆ. ಮದ್ಯ ಮಾತ್ರ ಇಲ್ಲ. ಇದು ಯಾವ ಸೆಕ್ಷನ್ನಿಗೂ ಬರಲ್ಲ."

"ಅಂಗಾರೆ ಬುಟ್‌ಬುಡಿ ಸಾ."

"ಸೆಕ್ಷನ್ನಿಗೆ ಬರದೇ ಇರೋದನ್ನ ಬಿಟ್ಟರೆ, ನಾಳೆ ಎಲ್ಲರೂ ಸೆಕ್ಷನ್ನಿಗೆ ಬರದೇ ಇರೋದನ್ನೇ ಮಾಡ್ತಾರೆ," ಎಂದು ಮಲ್ಲಿಕಾರ್ಜುನ್ ಬೇಸರದಿಂದ ಹೇಳಿ, ಪರೀಕ್ಷಾರ್ಥವಾಗಿ ಒಂದು ಲೋಟ ಅಂಬಲಿ ಕುಡಿದರು. ಹೊಟ್ಟೆ ತಣ್ಣಗಾಯಿತು. ಅವರ ಚಿಂತೆ ಹೆಚ್ಚಾಯಿತು. ಮದ್ಯವಿಲ್ಲದೆ ಜನರಿಗೆ ಅಮಲೇರುವುದು ರೂಢಿಯಾಗಿಬಿಟ್ಟರೆ ಸರ್ಕಾರ ನಡೆಯುವುದು ಹೇಗೆ?

ಇಲಾಖೆಯ ಸಭೆ ಈ ಪ್ರಶ್ನೆಯನ್ನು ಗಂಭೀರವಾಗಿ ಪರಿಗಣಿಸಿತು. ಅನಧಿಕೃತ ಅಮಲು ಸಕ್ರಮ ನಿಯಮವನ್ನು ಅಂದೇ ರಚಿಸಲಾಯಿತು. ಅದರನ್ವಯ ಇಂದ್ರಾಣಿ ಬಾರಿನ ಲೈಸೆನ್ಸ್ ಪಡೆದು, ತಿಂಗಳಿಗೆ ಇಲಾಖೆ ಗೊತ್ತುಪಡಿಸಿದಷ್ಟು ಬ್ರಾಂದಿಯನ್ನು ಖರೀದಿಸತಕ್ಕದ್ದು. ತಪ್ಪಿದಲ್ಲಿ ಮಿಲ್ಲಿಗೆ ಬೀಗ ಹಾಕಲಾಗುವುದು.

"ಬೀಗ ಆಕ್ಸೋದಕ್ಕಿಂತ ಬಾರ್ ಇಟ್ಕಳದೇ ವಾಸಿ," ಎಂದ ನಟರಾಜ್. ಇಂದ್ರಾಣಿ ಕೈಗೆ ಮೆತ್ತಿದ್ದ ಹಿಟ್ಟನ್ನು ಒರೆಸಿಕೊಂಡು ಸಹಿ ಹಾಕಿದಳು.

ಸಹಿ ಹಾಕಿದ ಮೇಲೆ ಮಲ್ಲಿಕಾರ್ಜುನ್ ಷರತ್ತುಗಳನ್ನು ಓದಿ ಹೇಳಿದರು. ಲೈಸೆನ್ಸ್ 'ಗುಪ್ತ' ವರ್ಗದ್ದಾದ್ದರಿಂದ ಕಟ್ಟಡವು ಕಡ್ಡಾಯವಾಗಿ ಮಿಲ್ಲಿನಂತೆಯೇ ಕಾಣಬೇಕು. ಆದರೆ ಬಾರಿನಲ್ಲಿ ಬೇರೆ ವ್ಯಾಪಾರ ನಡೆಸುವಂತಿಲ್ಲವಾದ್ದರಿಂದ, ಅದು ಮಿಲ್ಲಾಗಿರಬಾರದು.

"ಅಂದ್ರೆ ಬೀಸಂಗಿಲ್ವಾ ಸಾ?"

"ಬೀಸೋ ಸದ್ದು ಬರಬಹುದು. ಹಿಟ್ಟು ಬರಬಾರದು."

ಬೀಸುವ ಕಲ್ಲನ್ನು ಇಳಿಸಿದ ದಿನ ಇಂದ್ರಾಣಿ ಊಟ ಮಾಡಲಿಲ್ಲ. ಸದ್ದನ್ನು ಮಾತ್ರ ರೆಕಾರ್ಡ್ ಮಾಡಿ ಸ್ಪೀಕರಿಗೆ ಹಾಕಿಕೊಟ್ಟರು. ಮರುದಿನದಿಂದ ಆಟೋವೊಂದು ಹದಿನಾರು, ಕವಲಂದೆ, ನಂಜನಗೂಡಿನ ಬೀದಿಗಳಲ್ಲೆಲ್ಲ ಮೈಕ್ ಹಾಕಿಕೊಂಡು ತಿರುಗಿತು: "ಆತ್ಮೀಯ ನಾಗರಿಕ ಬಂಧುಗಳೇ, ಇದೇ ಭಾನುವಾರ ನಮ್ಮ ಹದಿನಾರಿನಲ್ಲಿ ಗುಪ್ತ ಬಾರೊಂದು ಬಹಿರಂಗವಾಗಿ ಉದ್ಘಾಟನೆಗೊಳ್ಳಲಿದೆ. ಸ್ಥಳವು ಅತ್ಯಂತ ಗೋಪ್ಯವಾಗಿದ್ದು, ಶಾಮಿಯಾನದ ಪಕ್ಕದಲ್ಲೇ ಸಿಗುತ್ತದೆ. ಸರ್ವರಿಗೂ ಆದರದ ಸ್ವಾಗತ. ವಿಷಯವನ್ನು ದಯಮಾಡಿ ಯಾರಿಗೂ ತಿಳಿಸಬಾರದು."

ನಂದಿತಾ, ಕೃಷ್ಣಕುಮಾರ್ ಮತ್ತೊಮ್ಮೆ ಬಂದರು. ಬ್ರಾಂದಿ ಕುಡಿದು ಮುಖ ಹಿಂಡಿದರು. ಮೊದಲಿನ ಕಿಕ್ಕು ಇಲ್ಲವೆಂದು ಹೇಳಿ ಹೋದವರು ತಿರುಗಿ ಬರಲಿಲ್ಲ. ಅವರ ಜಾಗವನ್ನು ಊರಿನ ಗಂಡಸರು ಭರ್ತಿ ಮಾಡಿದರು. ಹೆಗಲ ಮೇಲೊಂದು ರಾಗಿ ಚೀಲವಿದ್ದರೆ ಬಾರಿಗೆ ಹೋಗುವವರನ್ನು ಯಾರೂ ಏನೂ ಕೇಳುವಂತಿರಲಿಲ್ಲ. ಮನೆಯ ಕೆಲಸ ಎಂದೂ ಮಾಡದ ಗಂಡಸರು ದಿನಾ ರಾಗಿ ಬೀಸಿಸಲು ಹೊರಟಿದ್ದನ್ನು ಕಂಡು ಹೆಂಗಸರಿಗೆ ಸಂತೋಷವೇ ಆಯಿತು.

ಸಂತೋಷ ಮುಗಿದ ಮೇಲೆ ಚನ್ನಬಸಮ್ಮ ಬಂದಳು. ಮೇಲಿನ ಬೀದಿಯವಳು, ಮಠಕ್ಕೆ ನಡೆದುಕೊಳ್ಳುವ ಮನೆತನದ ಹಿರಿಯಳು.

"ಇಂದ್ರಾಣಿ, ನಮ್ಮೆಜಮಾನ್ರು ದಿನಾ ರಾಗಿ ಒತ್ಕೊಂಡ್ ಬತ್ತಾರಲ್ಲ, ಇಟ್ಟು ಎಲ್ಲವ್ವಾ? ಅದೇ ರಾಗಿ, ಅದೇ ಚೀಲ, ಓಯ್ತದೆ, ಬತ್ತದೆ. ರಾಗಿಗೆ ಮಿಲ್ಲಿನ ದಾರಿ ಬಾಯಿಪಾಠ ಆಗೋಗದೆ. ಮನೇಲಿ ಮುದ್ದೆ ಕಂಡು ಎಷ್ಟ್ ದಿನ ಆಯ್ತು ಗೊತ್ತಾ?"

ಇಂದ್ರಾಣಿಗೆ ನಾಚಿಕೆಯಾಯಿತು. ಊರಿಗೆ ಬ್ರಾಂದಿ ಕುಡಿಸಬಹುದು, ಹಿಟ್ಟು ಕೊಡುವಂತಿಲ್ಲ ಎಂದು ಹೇಗೆ ಹೇಳುವುದು? ಅಕ್ಕಪಕ್ಕ ನೋಡಿ, ಚನ್ನಬಸಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಅಮ್ಮಾರೇ, ಯಾರ್ಗೂ ಏಳ್ಬ್ಯಾಡಿ. ನಾಳೆ ಮಧ್ಯಾಹ್ನ ನಮ್ಮ ದನದ ಕೊಟ್ಟಿಗೆ ತಾವ ಬನ್ನಿ. ಚೀಲ ತರಬ್ಯಾಡಿ, ಕಂಡ್‌ಬುಟ್ರೆ ಕಷ್ಟ. ಬ್ರಾಂದಿ ಡಬ್ಬದಲ್ಲಿ ತನ್ನಿ."

ಅಂದೇ ಅವಳೂ ನಟರಾಜನೂ ಕಲ್ಲನ್ನೂ ಮೋಟಾರನ್ನೂ ಹುಲ್ಲಿನ ಹೊರೆಯೊಳಗೆ ಮುಚ್ಚಿಕೊಂಡು ಮಿಲ್ಲಿನ ಹಿಂದಿದ್ದ ಕೊಟ್ಟಿಗೆಗೆ ಸಾಗಿಸಿದರು. ಮಿಷನ್ ಮತ್ತೆ ತಿರುಗಿತು. ಮುಂಭಾಗದ ಬಾರಿನಲ್ಲಿ ಸ್ಪೀಕರಿನ ಸದ್ದು ಜೋರಾಗಿದ್ದುದರಿಂದ ಹಿಂದಿನ ನಿಜವಾದ ಸದ್ದು ಯಾರಿಗೂ ಕೇಳಲಿಲ್ಲ. ಮೊದಲ ಹಿಡಿ ಹಿಟ್ಟು ಬೆಚ್ಚಗೆ ಅಂಗೈಗೆ ಬಿದ್ದಾಗ ಇಂದ್ರಾಣಿ ಅದನ್ನು ಮೂಸಿ, ಸುಮ್ಮನೆ ನಕ್ಕಳು. ಕೆಲವೇ ದಿನಗಳಲ್ಲಿ ಊರಿನ ಹೆಂಗಸರೆಲ್ಲ ತಲೆಯ ಮೇಲೆ ಬ್ರಾಂದಿಯ ರಟ್ಟಿನ ಡಬ್ಬ ಹೊತ್ತು ಹಾಡುಹಗಲೇ ಓಡಾಡತೊಡಗಿದರು. ಅದರಲ್ಲಿ ರಾಗಿ ಇರಬಹುದೆಂಬ ಸಂಶಯ ಯಾರಿಗೂ ಬರಲಿಲ್ಲ. ಚನ್ನಬಸಮ್ಮನ ಡಬ್ಬವನ್ನು ಮಠದ ಕಡೆಯವರೊಬ್ಬರು ತಾವೇ ಕೈ ಕೊಟ್ಟು ತಲೆಗೆ ಎತ್ತಿಸಿದರು.

ಒಂದು ಮಧ್ಯಾಹ್ನ ಕೊಟ್ಟಿಗೆಯ ಬಾಗಿಲಲ್ಲಿ ಮಲ್ಲಿಕಾರ್ಜುನ್ ನಿಂತಿದ್ದರು. ಹೆಂಗಸರು ಡಬ್ಬಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಇಂದ್ರಾಣಿ ಮಿಷನ್ ಆರಿಸಲು ಕೈ ಚಾಚಿದಳು.

"ನಿಲ್ಲಿಸಬೇಡ," ಎಂದರು ಇನ್ಸ್‌ಪೆಕ್ಟರು, ದನಿ ತಗ್ಗಿಸಿ. "ನಮ್ಮ ತಾಯಿಗೆ ಪ್ಯಾಕೆಟ್ ಹಿಟ್ಟು ಒಗ್ಗಲ್ಲ. ಜೀಪಲ್ಲಿ ರಾಗಿ ಇದೆ."

ಇಂದ್ರಾಣಿ ಬೀಸಿಕೊಟ್ಟಳು. ಹಿಟ್ಟನ್ನು ಡಬ್ಬಕ್ಕೆ ತುಂಬಿ, ಮೇಲೆ ಎರಡು ಬಾಟಲಿ ಬ್ರಾಂದಿ ಅಡ್ಡ ಇಟ್ಟು, ಜೀಪಿನ ಹಿಂದಿಟ್ಟು ಟಾರ್ಪಾಲು ಹೊದಿಸಿದಳು. ಗುಪ್ತ ಬಾರಿನಿಂದ ಹಿಟ್ಟು ಹೊರಬೀಳದಂತೆ ನಂಜನಗೂಡಿನ ದಾರಿಯಲ್ಲಿ ಹಾಕಿದ್ದ ತನಿಖಾ ಠಾಣೆಯಲ್ಲಿ ಇಲಾಖೆಯ ಕಾವಲುಗಾರ ಬಸವಣ್ಣ ಕಂಬಿ ಇಳಿಸಿ, ಟಾರ್ಪಾಲು ಎತ್ತಿದ. ಡಬ್ಬದ ಸಂದಿಯಿಂದ ಬೂದು ಬಣ್ಣದ ಪುಡಿಯೇನೋ ಉದುರಿತ್ತು.

"ಏನ್ ಸಾ ಇದು?"

"ಬ್ರಾಂದಿ," ಎಂದರು ಮಲ್ಲಿಕಾರ್ಜುನ್, ಹಣೆಯ ಬೆವರು ಒರೆಸಿಕೊಳ್ಳುತ್ತ.

ಬಸವಣ್ಣ ಬಾಟಲಿಗಳನ್ನು ಮುಟ್ಟಿ ನೋಡಿ ಸಮಾಧಾನದ ಉಸಿರು ಬಿಟ್ಟ.

"ಎದೆ ಒಡ್ಕೊಂಬುಡ್ತು ಸಾ. ನಾನೆಲ್ಲೋ ಇಟ್ಟೇನೋ ಅಂದ್ಕೊಂಡೆ," ಎಂದು ಸಲಾಮು ಹೊಡೆದು, ಕಂಬಿ ಎತ್ತಿದ.