ಆಕೆ ನೀರು ಕುಡಿಯಲು ಎದ್ದರೆ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮದು ಮ್ಯಾಚಿಂಗ್ ಸೆಂಟರ್. ಸೀರೆ ಮಾರುವುದಿಲ್ಲ, ಸೀರೆಗೆ ಹೊಂದುವ ಕುಪ್ಪಸದ ಬಟ್ಟೆ, ಫಾಲ್, ಅಸ್ತರು ಮಾರುತ್ತೇವೆ. ಜನ ಒಂದು ಬಣ್ಣ ತರುತ್ತಾರೆ, ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿರುತ್ತಾರೆ, ನಾವು ಮೂರನೆಯದನ್ನು ಕೊಟ್ಟು ಕಳಿಸುತ್ತೇವೆ. ಇಂಥ ಕಸುಬಿನಲ್ಲಿ ನಗುವ ಪ್ರಸಂಗಗಳಿಗೆ ಕೊರತೆ ಇಲ್ಲ. ಆದರೆ ಒಂದೇ ತಿಂಗಳಲ್ಲಿ ಇಷ್ಟಾದದ್ದು ಆಕೆ ಬಂದ ಮೇಲೆಯೇ.

೧. ಮೂರನೇ ಖಾನೆ

ಹಳೇ ಹುಬ್ಬಳ್ಳಿಯ ದರ್ಜಿಯೊಬ್ಬರು ನಮ್ಮ ಹಳೆಯ ಗಿರಾಕಿ. ಒಂದು ದಿನ ಮೂವತ್ತು ದಾಟಿದ ತಂಗಿಯನ್ನು ಕರೆದುಕೊಂಡು ಬಂದರು.

"ಸಾವ್ಕಾರ್ರ, ಈಕಿಗೆ ಆಟಿಸಂ ಐತಿ ಅಂತ ಡಾಕ್ಟರು ಹೇಳ್ಯಾರ. ಮಾರಿ ನೋಡಿ ಮಾತಾಡೂದಿಲ್ಲ. ಸುಳ್ಳು ಹೇಳಾಕ ಬರೂದಿಲ್ಲ. ನಾಕು ಅಂಗಡ್ಯಾಗ ಬಿಡಿಸ್ಯಾರ."

"ಟೈಮಿಗೆ ಬರ್ತಾಳೇನು?"

"ನೀವು ಬಾಗಲಾ ತೆಗ್ಯೂದು ತಡಾ ಮಾಡಿದ್ರ ಬೈತಾಳ್ರಿ."

ಅಂಗಡಿಯಲ್ಲಿ ಅರ್ಧ ಪಾಲು ನನ್ನ ತಮ್ಮನದು. ಅವನು ಕನ್ನಡಕ ಏರಿಸಿ, "ಹೆಂಗೈತಿ ನಮ್ಮ ಅಂಗಡಿ?" ಅಂದ. ಕೆಲಸ ಕೇಳಿ ಬಂದವರೆಲ್ಲ ಹೊಗಳಲಿ ಅಂತಲೇ ಇಟ್ಟ ಪ್ರಶ್ನೆ ಅದು.

ಆಕೆ ಗೋಡೆ ನೋಡುತ್ತ, "ಮೂರನೇ ಖಾನ್ಯಾಗ ಏಳು ಮೆರೂನ್ ಥಾನ ಅದಾವ್ರಿ. ಮೂರು ಬ್ಯಾರೆ ಬಣ್ಣದ್ದು" ಅಂದಳು.

"ಎಲ್ಲಾ ಒಂದ ಅದಾವ" ಅಂದ ತಮ್ಮ.

ಏಳೂ ಬಟ್ಟೆಯ ಸುರುಳಿಗಳನ್ನು ಬಾಗಿಲ ಬಿಸಿಲಿಗೆ ತಂದು ಹಾಸಿದೆವು. ಮೂರು ಬೇರೆ ಇದ್ದವು. ತಮ್ಮ ಕನ್ನಡಕ ತೆಗೆದು ಒರೆಸುತ್ತಲೇ, "ಒಂದು ತಿಂಗಳು ನೋಡೂಣು. ಗಿರಾಕಿ ಕೈಬಿಟ್ರ ಕಳಸೂದ" ಅಂದ. ಐದನೇ ಅಂಗಡಿಯೂ ತಪ್ಪಿದರೆ ಆರನೆಯದನ್ನು ಹುಡುಕುವ ತಾಕತ್ತು ದರ್ಜಿಯ ಮುಖದಲ್ಲಿ ಕಾಣಲಿಲ್ಲ.

ಆಕೆ ಮಾತ್ರ ತಮ್ಮನಿಗೆ, "ಕನ್ನಡಕದ್ದು ತಪ್ಪಿಲ್ರಿ" ಅಂದಳು.

೨. ಎದುರಿನ ಅಂಗಡಿ

ನಮ್ಮ ಕಸುಬಿನಲ್ಲಿ 'ಇಲ್ಲ' ಅನ್ನಬಾರದು. ಹತ್ತಿರದ ಬಣ್ಣ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, "ಹೊಲಿಸಿದ ಮ್ಯಾಲೆ ಕೂಡ್ತೈತ್ರಿ" ಅನ್ನಬೇಕು. ಗಿರಾಕಿಯನ್ನು ಬಾಗಿಲ ಕಡೆ ಬಿಡಬಾರದು.

ಸಾಲೆಯ ಟೀಚರೊಬ್ಬರು ಗಿಳಿ ಹಸಿರು ಸೀರೆ ತಂದರು. ನನ್ನ ತಮ್ಮ ಒಂದು ಥಾನ ಬಿಚ್ಚಿ, "ಡಿಟ್ಟೋ ಮ್ಯಾಚ್ ನೋಡ್ರಿ ಅಕ್ಕಾರ" ಅಂದ.

"ಇಲ್ರಿ," ಅಂದಳು ಆಕೆ. "ಅದು ನಮ್ಮಲ್ಲಿಲ್ಲ. ಎದುರಿನ ಅಂಗಡ್ಯಾಗ ಐತಿ. ಮ್ಯಾಲಿನ ಸಾಲು, ಎಡಗಡಿಂದ ಐದನೇದು."

ಟೀಚರು ಎದ್ದು ಹೋದರು. ತಮ್ಮ ನನ್ನತ್ತ ನೋಡಿದ. ಆ ನೋಟದಲ್ಲಿ ತಿಂಗಳು ಅವತ್ತೇ ಮುಗಿದಿತ್ತು.

ಮರುದಿನ ಅದೇ ಟೀಚರು ಇನ್ನೂ ಆರು ಜನರನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದರು. "ಇಲ್ಲ ಅಂತ ಹೇಳೋ ಅಂಗಡಿ ಇದೊಂದ ನೋಡ್ರಿ. ಇಲ್ಲಿ ಐತಿ ಅಂದ್ರ ಖರೇ ಇರ್ತೈತಿ." ಅವರ ಹಿಂದೆಯೇ ಎದುರಿನ ಅಂಗಡಿಯವರೂ ಬಂದರು. ನನ್ನ ತಮ್ಮ ಜಗಳಕ್ಕೆ ತಯಾರಾಗಿ ನಿಂತ.

ಅವರು ದನಿ ತಗ್ಗಿಸಿ ಅಂದರು, "ತಪ್ಪು ತಿಳೀಬ್ಯಾಡ್ರಿ. ನಮ್ಮ ಅಂಗಡ್ಯಾಗ ನವಿಲು ನೀಲಿ ಎಲ್ಲೈತಿ, ಆ ತಂಗೀಗೆ ಒಂದೀಟು ಕೇಳ್ರಿ. ಮುಂಜಾನಿಂದ ಹುಡುಕಾಕತ್ತೇವಿ."

೩. ಟ್ಯೂಬ್‌ಲೈಟ್

ಎರಡನೇ ವಾರ ಆಕೆ ಕಿವಿಗೆ ಹತ್ತಿ ಇಟ್ಟುಕೊಂಡು ಕುಂತಳು. "ಮೂಲ್ಯಾಗಿನ ಟ್ಯೂಬ್‌ಲೈಟ್ ಒದರಾಕತ್ತೈತ್ರಿ."

ನಮಗ್ಯಾರಿಗೂ ಏನೂ ಕೇಳಲಿಲ್ಲ. "ಹೆಸರು ಹಿಡದು ಕರೀತೈತೇನು?" ಅಂತ ತಮ್ಮ ನಕ್ಕ. ಮೂರು ದಿನ ನಕ್ಕ.

ನಾನು ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ. ಕರುಣೆಯಿಂದಲ್ಲ, ಕಿವಿಯಲ್ಲಿ ಹತ್ತಿ ಇದ್ದರೆ ಗಿರಾಕಿಯ ಮಾತು ಕೇಳುವುದಿಲ್ಲ. ಅವನು ಬಿಚ್ಚಿ ನೋಡಿದರೆ ಒಳಗಿನ ವಾಯರು ಸುಟ್ಟು ಹೋಗಿತ್ತು. "ಇನ್ನೆಂಟು ದಿನ ಬಿಟ್ಟಿದ್ರ ಅಂಗಡಿ ತುಂಬ ಒಂದ ಬಣ್ಣ ಇರ್ತಿತ್ರಿ, ಕರೇದು" ಅಂದ.

ಮರುದಿನ ನಾನು ಬರುವ ಹೊತ್ತಿಗೆ ತಮ್ಮ ತನ್ನ ಸ್ಕೂಟರನ್ನು ಮೆಟ್ಟಿಲ ಹತ್ತಿರ ತಂದು ಚಾಲೂ ಮಾಡಿ, "ಇದು ಏನಂತೈತಿ ಕೇಳ ತಂಗೀ" ಅನ್ನುತ್ತಿದ್ದ.

೪. ನೀರಿನ ಕೊಡ

ಆದರೂ ಸ್ಕೂಟರ್ ಬೇರೆ, ಗಿರಾಕಿ ಬೇರೆ ಅಂತ ತಮ್ಮನ ವಾದ. ತಿಂಗಳ ಕಡೇ ದಿನ ನವನಗರದ ಯಜಮಾನತಿಯೊಬ್ಬರು ಮಗಳ ಮದುವೆಗೆಂದು ನಲವತ್ತು ಸೀರೆ ಹೊರಿಸಿಕೊಂಡು ಬಂದರು. ಮದುಮಗಳಿಗೆ ಕೆಲವು, ಬೀಗರಿಗೆ ಕೊಡುವ ಆಹೇರಿನವು ಉಳಿದವು. ಒಂದು ಮಾತು ತಪ್ಪಿದರೆ ಎದ್ದು ಹೋಗುವ ಪೈಕಿ. ಅವರು ಎದ್ದರೆ ಈಕೆಯೂ ಕೆಲಸ ಬಿಟ್ಟು ಏಳಬೇಕಿತ್ತು.

ತಮ್ಮ ಆಕೆಗೆ ಮೊದಲೇ ತಾಕೀತು ಮಾಡಿದ್ದ: "ಇವತ್ತ ಯಾರೇನ ಕೇಳಿದ್ರೂ ಛಲೋ ಐತ್ರಿ ಅನ್ನು."

"ಛಲೋ ಇಲ್ಲದಿದ್ರ?"

"ಬಾಯಿ ಮುಚಗೊಂಡು ಎದ್ದು ಹೋಗಿ ನೀರ ಕುಡಿ."

"ಎಷ್ಟು?"

"ಒಂದು ಗ್ಲಾಸ್!"

ಮೊದಲ ತುಂಡನ್ನು ತಮ್ಮ ಹಾಸಿದ. "ಹೆಂಗೈತಿ ತಂಗೀ?" ಅಂದರು ಯಜಮಾನತಿ. ಆಕೆ ಎದ್ದು ಹೋಗಿ ನೀರು ಕುಡಿದು ಬಂದಳು. ಎರಡನೆಯದಕ್ಕೂ ಎದ್ದಳು. ಮೂರನೆಯದಕ್ಕೆ "ಛಲೋ ಐತ್ರಿ" ಅಂದಳು. ನಾಲ್ಕನೆಯದಕ್ಕೆ ಮತ್ತೆ ಕೊಡದ ಕಡೆ.

ಐದನೇ ಗ್ಲಾಸಿಗೆ ಯಜಮಾನತಿ ಕೇಳಿದರು, "ಪಾಪ, ಈಕಿಗೆ ಸಕ್ಕರಿ ಕಾಯಿಲೆ ಐತೇನ್ರಿ?"

"ಇಲ್ರಿ. ಛಲೋ ಇಲ್ಲದಿದ್ರ ನೀರ ಕುಡಿ ಅಂತ ಸಣ್ಣ ಸಾವ್ಕಾರ್ರು ಹೇಳ್ಯಾರ."

ತಮ್ಮ ಕನ್ನಡಕ ತೆಗೆದ. ಯಜಮಾನತಿ, ನೀರು ಕುಡಿಸಿದ ಐದೂ ತುಂಡುಗಳನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದರು. ವಾಪಸು ಬಂದು ಕುಂತು ತಮ್ಮನಿಗೆ, "ನೀವು ಬಾಜೂ ಸರೀರಿ" ಅಂದರು. "ತಂಗೀ, ನೀ ನೀರ ಕುಡ್ಯಾಕ ಏಳಲಾರದ್ದು ಅಷ್ಟ ತೋರ್ಸು."

ಊಟದ ಹೊತ್ತಿಗೆ ನಲವತ್ತೂ ಮುಗಿದವು. ಸಂಜೆ ದರ್ಜಿಗೆ ಫೋನ್ ಮಾಡಿ ಕೆಲಸ ಕಾಯಂ ಅಂತ ಹೇಳಿದವನು ತಮ್ಮನೇ. ಸಂಬಳ ಹೆಚ್ಚಿಸಿದವನು ನಾನು. ಎದುರಿನ ಅಂಗಡಿಯವರು ಆಕೆಯನ್ನು ಕೆಲಸಕ್ಕೆ ಕರೆಯಲು ಶುರು ಮಾಡಿದ್ದರು.

ಮರುದಿನ ತಮ್ಮ ಹೊಸ ಅಂಗಿ, ಹೊಸ ಪ್ಯಾಂಟು ಹಾಕಿಕೊಂಡು ಬಂದು ಆಕೆಯ ಮುಂದೆ ನಿಂತ. "ಹೆಂಗೈತಿ?"

ಆಕೆ ಎದ್ದು ಹೋಗಿ, ಎರಡು ಗ್ಲಾಸ್ ನೀರು ಕುಡಿದು ಬಂದಳು.

"ಒಂದು ಗ್ಲಾಸ್ ಅಂತ ಹೇಳಿದ್ನಿಲ್ಲ?"

"ಇನ್ನೊಂದು ಪ್ಯಾಂಟಿಗ್ರಿ."